ಊರ ತುಂಬ ಚಾರ್ಜಿಂಗ್ ಮಶೀನು, ಕಾರಿಗೆ ಕರೆಂಟಿಲ್ಲ

ಮಶೀನು ತಂದು ನಿಲ್ಲಿಸಿದರು, ಅದನ್ನು ನೋಡಿಕೊಳ್ಳುವ ಮನುಷ್ಯನನ್ನು ನಿಲ್ಲಿಸಲಿಲ್ಲ. ಇದು ತಪ್ಪು. ಗೊತ್ತಿದ್ದೂ ಮಾಡಿದ ತಪ್ಪು. ರಿಬ್ಬನ್ ಕತ್ತರಿಸುವ ದಿನ ಕತ್ತರಿ ಹಿಡಿಯಲು ಹತ್ತು ಕೈ ಬಂದವು. ಕೆಟ್ಟು ನಿಂತ ದಿನ ಸ್ಕ್ರೂಡ್ರೈವರ್ ಹಿಡಿದು ಒಬ್ಬರೂ ಬರಲಿಲ್ಲ. ಹಾಗಾಗಿ ಮೈಸೂರಿನಲ್ಲಿ ವಿದ್ಯುತ್ ಕಾರು ಇಟ್ಟುಕೊಂಡವನಿಗೆ ಮುಂದೆ ಹೇಳುವಂಥ ಪ್ರಸಂಗಗಳು ವಾರಕ್ಕೊಂದಾದರೂ ಬಂದೇ ಬರುತ್ತವೆ. ಕೇಳಿದವರು ನಗುತ್ತಾರೆ. ನಗಲಿ. ಮೊದಮೊದಲು ನಾನೂ ನಕ್ಕಿದ್ದೆ.

ನನಗೆ ಕುವೆಂಪುನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ತಿರುಗಿಸುವುದು ನನ್ನ ಕಸುಬು. ಎಸ್ಸೆಸ್ಸೆಲ್ಸಿ ದಾಟಲಿಲ್ಲ. ತಂತಿ ಸುತ್ತುವುದನ್ನೂ ಅರ್ಜಿ ಬರೆಯುವುದನ್ನೂ ನಾನೇ ಕಲಿತವನು.

ನನ್ನ ಅಕ್ಕ ಒಂಟಿಕೊಪ್ಪಲಿನಲ್ಲಿ ನಮ್ಮ ಜೊತೆಯೇ ಇದ್ದಾಳೆ. ಅವಳ ಎರಡು ಕಿಡ್ನಿಯೂ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ, ಹನ್ನೊಂದು ಗಂಟೆ ಪಾಳಿಯಲ್ಲಿ, ನಾಲ್ಕು ಗಂಟೆ ಡಯಾಲಿಸಿಸ್ ಆಗಬೇಕು. ಅರ್ಧ ಗಂಟೆ ತಡವಾದರೆ ಹಾಸಿಗೆ ಇನ್ನೊಬ್ಬರಿಗೆ ಹೋಗುತ್ತದೆ. ಆಸ್ಪತ್ರೆಯವರನ್ನು ಬೈಯುವಂತಿಲ್ಲ, ಹೊರಗೆ ಕಾಯುತ್ತಿರುವವರದೂ ಜೀವವೇ. ಮುಗಿಸಿಕೊಂಡು ಬರುವಾಗ ಅಕ್ಕನಿಗೆ ತಲೆ ಸುತ್ತುತ್ತದೆ. ಆಟೋದಲ್ಲಿ ಕೂರಲಾಗುವುದಿಲ್ಲ, ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿ ಬರಬೇಕು. ಅದಕ್ಕೇ ಕಾರು ಬೇಕಾಯಿತು. ಜೀವಮಾನವೆಲ್ಲ ಕರೆಂಟನ್ನು ನಂಬಿ ಬದುಕಿದವನು ಪೆಟ್ರೋಲನ್ನು ಯಾಕೆ ನಂಬಲಿ ಅಂತ, ಸೆಕೆಂಡ್‌ಹ್ಯಾಂಡ್ ವಿದ್ಯುತ್ ಕಾರು ತಂದೆ. ಹಳೇ ಬ್ಯಾಟರಿ, ಎರಡು ದಿನಕ್ಕೊಮ್ಮೆ ಚಾರ್ಜು ಕೇಳುತ್ತದೆ.

ಮನೆಯಲ್ಲಿ ಯಾಕೆ ಹಾಕಬಾರದು ಅಂತ ಎಲ್ಲರೂ ಕೇಳುತ್ತಾರೆ. ನಾವಿರುವುದು ಮಹಡಿ ಮೇಲಿನ ಬಾಡಿಗೆ ಮನೆ. ಕೆಳಗೊಂದು ಪ್ಲಗ್ ಕೊಡಿ, ಬೇರೆ ಮೀಟರನ್ನು ನಾನೇ ಹಾಕಿಸುತ್ತೇನೆ ಅಂದೆ. ಮಾಲೀಕರು, "ನಿಮಗೆ ಕೊಟ್ಟಿರೋದು ಮನೆ ಕಣ್ರೀ, ಪೆಟ್ರೋಲ್ ಬಂಕ್ ಅಲ್ಲ" ಅಂದರು. ಅಂಗಡಿ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿಂದ ರಸ್ತೆಗೆ ವೈರು ಎಳೆದರೆ ಜನ ಎಡವಿ ಬೀಳುತ್ತಾರೆ. ಒಂದು ದಿನ ಎಳೆದೆ. ಮೊದಲು ಎಡವಿ ಬಿದ್ದವರು ನಮ್ಮ ಆ ಮನೆ ಮಾಲೀಕರೇ.

ಹಸಿರು ಚುಕ್ಕೆ

ಫೋನಿನ ಆ್ಯಪಿನಲ್ಲಿ ನಕ್ಷೆ ಇರುತ್ತದೆ. ಮಶೀನು ಸರಿಯಿದ್ದರೆ ಹಸಿರು ಚುಕ್ಕೆ, ಕೆಟ್ಟಿದ್ದರೆ ಕೆಂಪು. ಒಂದು ಮಂಗಳವಾರ ಬೆಳಿಗ್ಗೆ ರಾಜೀವನಗರದ ಕಡೆ ಹಸಿರು ಚುಕ್ಕೆ ಕಂಡಿತು. ಕೆಳಗೆ 'ದಿನದ ಇಪ್ಪತ್ನಾಲ್ಕು ಗಂಟೆ' ಅಂತಲೂ ಇತ್ತು. ಫ್ಯಾನು ಹಾಕದೆ, ಹಾರ್ನು ಸಹ ಹೊಡೆಯದೆ, ಇದ್ದಬದ್ದ ಚಾರ್ಜು ಉಳಿಸಿಕೊಂಡು ಅಲ್ಲಿಗೆ ಹೋದೆ. ಒಂದು ವ್ಯಾಪಾರ ಸಂಕೀರ್ಣದ ಕಾಂಪೌಂಡಿನೊಳಗೆ ಮಶೀನು ಹಸಿರು ದೀಪ ಹಚ್ಚಿಕೊಂಡು ಜಮ್ಮಂತ ನಿಂತಿದೆ. ಗೇಟಿಗೆ ಬೀಗ.

ಒಳಗೆ ಕುರ್ಚಿಯಲ್ಲಿದ್ದ ಸೆಕ್ಯುರಿಟಿಯವರನ್ನು ಕೂಗಿದೆ.

"ಇವತ್ತು ಮಂಗಳವಾರ ಸಾರ್, ಕಾಂಪ್ಲೆಕ್ಸಿಗೆ ರಜ."

"ಮಶೀನು ಇಪ್ಪತ್ನಾಲ್ಕು ಗಂಟೆ ಅಂತ ಬರ್ದಿದೆಯಲ್ಲಪ್ಪ."

"ಮಶೀನು ತೆಗೆದೇ ಐತೆ ಸಾರ್. ನಾವು ಯಾವತ್ತೂ ಅದನ್ನ ಮುಚ್ಚೇ ಇಲ್ಲ. ಮುಚ್ಚಿರೋದು ಗೇಟು."

"ಗೇಟು ತೆಗೀರಿ ಹಂಗಾದ್ರೆ."

"ಬೀಗದ ಕೈ ಓನರ್ ಹತ್ರ ಐತೆ."

"ಓನರ್ ಎಲ್ಲಿದ್ದಾರೆ?"

"ಅವರು ವಿದ್ಯುತ್ ಕಾರು ತಗೊಂಡವ್ರೆ ಸಾರ್. ದಾರೀಲಿ ಎಲ್ಲೋ ನಿಂತೋಗದೆ ಅಂತ ಆಗ್ಲೇ ಫೋನ್ ಮಾಡಿದ್ರು."

ಎಳನೀರಮ್ಮನ ಏಟು

ನಮ್ಮ ಅಂಗಡಿಗೆ ಹತ್ತಿರವಿರುವ ಮಶೀನು ಪಾರ್ಕಿನ ಪಕ್ಕದಲ್ಲಿದೆ. ಅದಕ್ಕೆ ಒರಗಿಕೊಂಡು ಒಬ್ಬ ಎಳನೀರಮ್ಮ ಕೂರುತ್ತಾರೆ. ಕಾರಿಗೆ ಸಿಕ್ಕಿಸುವ ವೈರಿನ ಗನ್ನು ನೇತುಹಾಕುವ ಕೊಕ್ಕೆಯಲ್ಲಿ ಅವರ ಊಟದ ಚೀಲ. ಗನ್ನು ನೆಲದ ಮೇಲೆ. ಒಂದು ದಿನ ಕಾರಿಗೆ ಗನ್ನು ಸಿಕ್ಕಿಸಿದೆ, ಎರಡು ನಿಮಿಷ ಓಡಿ ನಿಂತುಹೋಯಿತು. ಮಶೀನಿನ ಮೇಲಿದ್ದ ಸಹಾಯವಾಣಿಗೆ ಫೋನ್ ಮಾಡಿದೆ. ಎಲ್ಲೋ ದೂರದ ಊರಿನಿಂದ ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು.

"ಸರ್, ಅಲ್ಲಿ ನಮ್ಮ ತಾಂತ್ರಿಕ ಸಿಬ್ಬಂದಿ ಯಾರಾದರೂ ಇದ್ದಾರಾ?"

"ಇಲ್ಲಿ ಎಳನೀರು ಮಾರೋರು ಒಬ್ರು ಇದ್ದಾರೆ ತಾಯಿ."

"ಅವರಿಗೇ ಫೋನ್ ಕೊಡಿ ಸರ್."

ಕೊಟ್ಟೆ. ಎಳನೀರಮ್ಮ ಮಚ್ಚು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕಿವಿಗೆ ಹಿಡಿದರು.

"ಏನವ್ವ? ಊಂ... ಊಂ... ಕೆಂಪು ಲೈಟು ಬಂದದೆ. ಇದು ಮೂರು ತಿಂಗಳಿಂದ ಇಂಗೇ ಕಣವ್ವ, ನೀನು ಹೊಸಬಳಾ? ಇರು, ಮಡಿಗಬ್ಯಾಡ."

ಎದ್ದು ಮಶೀನಿನ ಎಡಗಡೆ ಮಗ್ಗುಲಿಗೆ ಅಂಗೈಯಲ್ಲಿ ಒಂದು ಕೊಟ್ಟರು. ಹಸಿರು ದೀಪ ಬಂತು. ನನಗೆ ಅವಮಾನವಾಯಿತು. ಮೂವತ್ತು ವರ್ಷದಿಂದ ಕರೆಂಟಿನ ಕೆಲಸ ಮಾಡುವವನು, ಎಲ್ಲಿ ಹೊಡೆಯಬೇಕು ಅಂತ ನನಗೆ ಗೊತ್ತಿರಲಿಲ್ಲ.

ಅರ್ಧ ಗಂಟೆಗೆ ಸಂದೇಶ ಬಂತು: 'ನಿಮ್ಮ ದೂರನ್ನು ನಮ್ಮ ಸ್ಥಳೀಯ ತಜ್ಞರು ಪರಿಹರಿಸಿದ್ದಾರೆ.'

ಓದಿ ಹೇಳಿದೆ. ಎಳನೀರಮ್ಮ ಕಾಯಿ ಕೆತ್ತುತ್ತಲೇ, "ಅಂಗಾರೆ ನಂಗೊಂದು ಕುರ್ಚಿ ಕೊಡಕ್ಕೇಳಿ ಅವ್ರಿಗೆ" ಅಂದರು.

ನೆರಳು

ಅದೇ ಮಶೀನಿನ ಮೇಲೆ ದೊಡ್ಡ ಹೊಂಗೆ ಮರ ಇದೆ. 'ವಿದ್ಯುತ್ ವಾಹನಗಳಿಗೆ ಮಾತ್ರ' ಅಂತ ಬೋರ್ಡಿದೆ. ಬೋರ್ಡನ್ನು ಒಬ್ಬರೂ ಓದುವುದಿಲ್ಲ, ನೆರಳನ್ನು ಎಲ್ಲರೂ ಓದುತ್ತಾರೆ. ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಒಂದು ಬೆಳಿಗ್ಗೆ ಅಲ್ಲೊಂದು ಪೆಟ್ರೋಲ್ ಕಾರು ನಿಂತಿತ್ತು. ಮುಕ್ಕಾಲು ಗಂಟೆ ಕಾದೆ. ಕೊನೆಗೆ ವಾಕಿಂಗ್ ಮುಗಿಸಿ ಅದರ ಯಜಮಾನರು ಬಂದರು. ನಿವೃತ್ತ ಮೇಷ್ಟ್ರು, ಬೆಳ್ಳಗೆ ಇಸ್ತ್ರಿ ಮಾಡಿದ ಪಂಚೆ, ಬಹಳ ಸಜ್ಜನರು.

"ಸ್ವಾಮಿ, ಇದು ವಿದ್ಯುತ್ ಗಾಡಿ ನಿಲ್ಲಿಸೋ ಜಾಗ" ಅಂದೆ.

"ನೋಡಿದೆ. ಬೋರ್ಡು ಓದಿಯೇ ನಿಲ್ಲಿಸಿದ್ದೇನೆ."

"ನಿಮ್ಮದು ಪೆಟ್ರೋಲ್ ಕಾರು."

"ಇರಬಹುದು. ಆದರೆ ಬೆಳಿಗ್ಗೆ ಬ್ಯಾಟರಿ ಇಲ್ಲದೆ ಇದು ಸ್ಟಾರ್ಟ್ ಆಗೋದಿಲ್ಲ. ದೀಪ ಹತ್ತೋದಿಲ್ಲ. ಹಾರ್ನು ಕೂಗೋದಿಲ್ಲ. ವಿದ್ಯುತ್ ಇಲ್ಲದೆ ನಡೆಯದ ವಾಹನವನ್ನು ಏನಂತ ಕರೀತೀರಿ?"

ಬೋರ್ಡು ಬರೆದವರು ಇಂಥ ಮೇಷ್ಟ್ರ ಹತ್ತಿರ ಓದಿರಲಿಲ್ಲ. ಅವರು ಗಾಡಿ ಹತ್ತಿ ಕೀ ತಿರುಗಿಸಿದರು. ಅದು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಇಳಿದಿತ್ತು. ನಾನೇ ಇಳಿದು ತಳ್ಳಿದೆ. ಅವತ್ತು ಅಕ್ಕನಿಗೆ ಹಾಸಿಗೆ ಸಿಕ್ಕಿತು, ಮೂರು ನಿಮಿಷ ಮಾತ್ರ ಉಳಿದಿತ್ತು.

ಫೋನು ತುಂಬಿತು

ಒಂದೊಂದು ಕಂಪನಿಯ ಮಶೀನಿಗೆ ಒಂದೊಂದು ಆ್ಯಪು. ಏಳನೆಯದನ್ನು ಹಾಕುವಾಗ ಫೋನಿನಲ್ಲಿ ಜಾಗವಿಲ್ಲ ಅಂತ ಬಂತು. ನನ್ನ ಹೆಂಡತಿ ಪಕ್ಕದಲ್ಲಿ ಕೂತು, ಮಗಳ ಮದುವೆಯ ಫೋಟೋಗಳನ್ನು ಒಂದೊಂದೇ ನೋಡಿ, ನಿಟ್ಟುಸಿರು ಬಿಟ್ಟು ಅಳಿಸಿದಳು. ಮದುವೆ ಪೂರ್ತಿ ಹೋಯಿತು. ಆ್ಯಪು ಬಂತು. ತೆರೆದೆ. 'ನಿಮ್ಮ ಊರಿಗೆ ನಾವು ಶೀಘ್ರದಲ್ಲೇ ಬರಲಿದ್ದೇವೆ' ಅಂತ ಹೇಳಿತು.

ಜನರಿಗೆ ಆಸಕ್ತಿ ಇಲ್ಲ

ಅಷ್ಟರಲ್ಲಿ ಎಳನೀರಮ್ಮನ ಏಟಿಗೂ ಬಗ್ಗದೆ ಪಾರ್ಕಿನ ಮಶೀನು ಪೂರ್ತಿ ಸತ್ತಿತು. ಎರಡು ತಿಂಗಳು ಕಾದು, ಅರ್ಜಿ ಬರೆದು, ಅದನ್ನು ಹಾಕಿಸಿದ ಸರ್ಕಾರಿ ಕಚೇರಿಗೆ ಹೋದೆ. ಅಲ್ಲಿನ ಸಾಹೇಬರು ಕಂಪ್ಯೂಟರ್ ನೋಡಿ, "ಈ ಮಶೀನಿಗೆ ರಿಪೇರಿ ಮಂಜೂರು ಮಾಡಕ್ಕೆ ಬರಲ್ಲ ಕಣ್ರೀ" ಅಂದರು.

"ಯಾಕೆ ಸಾರ್?"

"ಎರಡು ತಿಂಗಳಿಂದ ಒಬ್ಬರೂ ಇದನ್ನ ಉಪಯೋಗಿಸಿಲ್ಲ. ಉಪಯೋಗ ಇಲ್ಲದ್ದಕ್ಕೆ ರಿಪೇರಿ ಮಾಡಿದ್ರೆ ಆಡಿಟ್‌ನೋರು ನನ್ನ ಹಿಡ್ಕೋತಾರೆ."

"ಕೆಟ್ಟಿದೆ ಸಾರ್, ಅದಕ್ಕೇ ಉಪಯೋಗಿಸ್ತಿಲ್ಲ."

"ಮೊದಲು ನಾಲ್ಕು ಜನ ಉಪಯೋಗಿಸೋ ಹಂಗೆ ಮಾಡಿ. ಆಮೇಲೆ ಬನ್ನಿ, ನಾನೇ ಬರೆದುಕೊಡ್ತೀನಿ."

ಕಡತದಲ್ಲಿ ಅವರು ಬರೆದ ಸಾಲನ್ನು ತಲೆಕೆಳಗಾಗಿಯೇ ಓದಿದೆ: 'ಸದರಿ ಸ್ಥಳದಲ್ಲಿ ಸಾರ್ವಜನಿಕರಿಗೆ ಆಸಕ್ತಿ ಇಲ್ಲ.'

ಸಾರ್ವಜನಿಕ ಅಂದರೆ ನಾನು. ನನಗೆ ಆಸಕ್ತಿ ಇದೆ ಅಂತ ತೋರಿಸಲು ಆರು ಭಾನುವಾರ ಆ ಮಶೀನಿನ ಮುಂದೆ ಫಲಕ ಹಿಡಿದು ಕೂತೆ. 'ಇದು ಸತ್ತಿದೆ, ಎಬ್ಬಿಸಿ' ಅಂತ ದಪ್ಪಕ್ಷರದಲ್ಲಿ ಬರೆದಿದ್ದೆ. ಹೋಗಿಬರುವವರು ಓದಿದರು. ಕೆಲವರು ತಲೆಯನ್ನೂ ಆಡಿಸಿದರು. ಒಬ್ಬರಾದರೂ ಪಕ್ಕದಲ್ಲಿ ಕೂರಲಿಲ್ಲ. ಆರನೆಯ ಭಾನುವಾರ ಒಬ್ಬರು ಹತ್ತಿರ ಬಂದಾಗ ನನ್ನ ಎದೆ ತುಂಬಿಬಂತು. ಅವರು ಸ್ಕೂಟರಿನ ಹೆಲ್ಮೆಟ್ ನನ್ನ ತೊಡೆ ಮೇಲಿಟ್ಟು, "ಹೆಂಗೂ ಕೂತಿದ್ದೀರಲ್ಲ, ಸ್ವಲ್ಪ ನೋಡ್ಕೊಳ್ಳಿ" ಅಂದು ಪಾರ್ಕಿನೊಳಗೆ ಹೋದರು.

ಆಯುಧ ಪೂಜೆ

ದಸರಾ ಬಂತು. ಹೊರಗಿನ ಜನ ಬರುತ್ತಾರೆ ಅಂತ ಕಚೇರಿಯವರು ತಮ್ಮ ಮಶೀನುಗಳಿಗೆಲ್ಲ ರಿಪೇರಿ ಮಾಡಿಸಿದರು. ಪಾರ್ಕಿನದಕ್ಕೆ ಹೊಸ ಪರದೆ, ಹೊಸ ಗನ್ನು, ಕಾವಲಿಗೆ ಒಬ್ಬ ಹಿರಿಯರು ಸಹ ಬಂದರು.

ಆಯುಧ ಪೂಜೆ ಈ ಸಲ ಅಕ್ಕನ ಡಯಾಲಿಸಿಸ್ ದಿನಕ್ಕೇ ಬಂತು. ಹಿಂದಿನ ದಿನ ಊರೆಲ್ಲ ಸುತ್ತಿದ್ದೆ. ಒಂದು ಕಡೆ ರಸ್ತೆ ಬಂದ್, ಇನ್ನೊಂದು ಕಡೆ ಪ್ರವಾಸಿಗರ ಕಾರುಗಳ ಸಾಲು. ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನನ್ನು ಹಿಂದೆ ಕೂರಿಸಿಕೊಂಡು, ತಳ ಕಂಡ ಬ್ಯಾಟರಿಯಲ್ಲಿ ಪಾರ್ಕಿಗೆ ಬಂದೆ. ಒಂದು ಗಂಟೆ ಚಾರ್ಜು ಸಿಕ್ಕರೆ ಸಾಕಿತ್ತು.

ಮಶೀನಿನ ಎರಡು ಪಕ್ಕ ಬಾಳೆಕಂದು. ನೆತ್ತಿಗೆ ಚೆಂಡುಹೂವಿನ ಹಾರ. ಗನ್ನಿಗೆ ಅರಿಶಿನ ಕುಂಕುಮ. ಮುಂದೆ ಒಡೆದ ಬೂದುಗುಂಬಳ. ಕಾವಲಿನವರು ನನಗೆ ಅಡ್ಡ ಬಂದರು.

"ಪೂಜೆ ಆಗೋಗದೆ ಸಾರ್. ಇವತ್ತು ಮುಟ್ಟಂಗಿಲ್ಲ. ನಾಳೆ ವಿಜಯದಶಮಿ, ಮರುಪೂಜೆ ಮಾಡಿ ಬುಟ್ಕೊಡ್ತೀವಿ."

"ಆಸ್ಪತ್ರೆಗೆ ಹೋಗ್ಬೇಕು ಯಜಮಾನ್ರೇ."

"ಸಾರ್, ನೀವು ಕಸುಬುದಾರ್ರು. ನಿಮ್ಮ ಅಂಗಡಿ ತೆಗೆದಿದ್ದೀರಾ ಇವತ್ತು?"

ತೆಗೆದಿರಲಿಲ್ಲ. ಸುತ್ತುವ ಮಶೀನು, ಇಕ್ಕಳ, ಸುತ್ತಿಗೆ ಎಲ್ಲವನ್ನೂ ಬೆಳಿಗ್ಗೆ ಏಳಕ್ಕೇ ಮಣೆ ಮೇಲಿಟ್ಟು, ಕೈಮುಗಿದು, ನಾಳೆವರೆಗೆ ಮುಟ್ಟಬಾರದು ಅಂತ ಬಾಗಿಲು ಹಾಕಿ ಬಂದಿದ್ದೆ. ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಸಿಲ್ಲ.

ಅಕ್ಕ ಕಾರಿನ ಬಾಗಿಲು ಹಿಡಿದು ಇಳಿದಳು.

"ಯಾಕಣ್ಣ, ವರ್ಷವೆಲ್ಲ ಮಲಗಿತ್ತು, ಇವತ್ತೂ ರಜಾನಾ ಇದಕ್ಕೆ?"

"ಸಂಪ್ರದಾಯ ಕಣವ್ವ."

"ನನ್ನ ರಕ್ತ ತೊಳೆಯೋ ಮಶೀನಿಗೂ ಆಸ್ಪತ್ರೇಲಿ ಇವತ್ತು ಹೂ ಮುಡಿಸಿರ್ತಾರೆ. ಮುಡಿಸಿ ಓಡಿಸ್ತಾರೆ. ಅದೂ ನಾಳೆ ಬನ್ನಿ ಅಂದ್ರೆ ನಾನು ನಾಳೆವರೆಗೂ ಇರ್ಬೇಕಲ್ಲ." ಹಾಗಂದು ಆ ಹಿರಿಯರಿಗೆ ಕೈ ಮುಗಿದಳು. ಊದಿದ ಕೈಗಳು, ನೆಟ್ಟಗೆ ಜೋಡಿಸಲೂ ಬರುತ್ತಿರಲಿಲ್ಲ.

ಅವರು ಕೆಟ್ಟವರಲ್ಲ. ಫೋನು ತೆಗೆದು, "ಸಾಹೇಬ್ರಿಗೆ ಅಲಂಕಾರದ ಪಟ ಕಳಿಸ್ಬೇಕು, ಆಮೇಲೆ ತೆಗೀತೀನಿ ತಾಯಿ" ಅಂದು, ಅಕ್ಕ ಮುಗಿದ ಕೈ ಇಳಿಸುವ ಮೊದಲೇ ಒಂದು ಫೋಟೋ ಹೊಡೆದರು. ಹಾರ ಬಿಚ್ಚಿದರು. ಗನ್ನು ಕೊಟ್ಟರು. ಸಿಕ್ಕಿಸಿದೆ. ಇನ್ನು ಮಶೀನಿನ ಮೇಲಿನ ಕ್ಯೂಆರ್ ಚೀಟಿಯನ್ನು ಫೋನಿಗೆ ತೋರಿಸಿದರೆ ಕರೆಂಟು ಬಿಡುತ್ತದೆ. ಚೀಟಿ ಎಲ್ಲಿ? ಅದರ ಮೇಲೆ ಅಂಗೈಯಗಲ ವಿಭೂತಿ, ನಡುವೆ ಕುಂಕುಮ.

"ಅದು ಹಣೆ ಇದ್ದಂಗಿತ್ತು ಸಾರ್. ಅದಕ್ಕೆ ಅಲ್ಲೇ ಇಟ್ಟೆ."

ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ವಿಭೂತಿ ಹೋಯಿತು, ಕುಂಕುಮ ಹೋಯಿತು, ಚೀಟಿಯ ಕಪ್ಪು ಗುರುತುಗಳೂ ಹೋದವು. ಫೋನು ಎಷ್ಟು ಹೊತ್ತು ನೋಡಿದರೂ ಅದಕ್ಕೆ ಏನೂ ಕಾಣಲಿಲ್ಲ. ಸಹಾಯವಾಣಿಗೆ ಮಾಡಿದೆ. ಹಬ್ಬದ ಶುಭಾಶಯ ಹೇಳಿ ತಾನೇ ಕಟ್ಟಾಯಿತು.

ಆಟೋಗಳೆಲ್ಲ ಸಾಲಾಗಿ ನಿಂತು ಪೂಜೆ ಮಾಡಿಸಿಕೊಳ್ಳುತ್ತಿದ್ದವು. ಬಾಡಿಗೆ ಕಾರು ಕರೆದೆ, ಒಬ್ಬರೂ ಒಪ್ಪಲಿಲ್ಲ. ಓಡಿ ಓಡಿ, ಕೊನೆಗೆ ಒಬ್ಬ ಆಟೋದವರು ನಿಂಬೆಹಣ್ಣು ತುಳಿಸಿದ ತಕ್ಷಣ ನಮ್ಮನ್ನು ಹತ್ತಿಸಿಕೊಂಡರು. ಆಸ್ಪತ್ರೆ ಮುಟ್ಟಿದಾಗ ಹನ್ನೆರಡೂಕಾಲು. ಹಾಸಿಗೆ ಹೋಗಿತ್ತು. ಸಂಜೆ ಪಾಳಿಯ ಕೊನೆಯಲ್ಲಿ, ನಾಲ್ಕು ಗಂಟೆಯ ಬದಲು ಎರಡು ಗಂಟೆ ಕೊಟ್ಟರು. ಮುಂದಿನ ಎರಡು ದಿನ ಅಕ್ಕ ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೊರಗಿ ಕೂತೇ ಇದ್ದಳು. "ನನ್ನಿಂದ ನಿಂಗೆ ಎಷ್ಟು ತಿರುಗಾಟ ಕಣೋ" ಅಂತ ನನಗೇ ಸಮಾಧಾನ ಹೇಳಿದಳು.

ಹಬ್ಬ ಮುಗಿದ ಮೇಲೆ ಹೊಸ ಚೀಟಿ ಅಂಟಿಸಿ ಅಂತ ಅರ್ಜಿ ಹಿಡಿದು ಕಚೇರಿಗೆ ಹೋದೆ. ಸಾಹೇಬರು ಸಂತೋಷದಲ್ಲಿದ್ದರು. "ಬನ್ರೀ ಬನ್ರೀ, ನೋಡಿ, ಮೇಲಿನವರು ಮೆಚ್ಚಿಕೊಂಡಿದ್ದಾರೆ" ಅಂತ ಫೋನು ತೋರಿಸಿದರು. ಹೂವಿನ ಮಶೀನು. ಅದರ ಮುಂದೆ ಕೈ ಮುಗಿದು ನಿಂತ ನನ್ನ ಅಕ್ಕ. ಕೆಳಗೆ ಬರೆದಿತ್ತು: 'ಚಾರ್ಜಿಂಗ್ ಕೇಂದ್ರಕ್ಕೆ ಸಾರ್ವಜನಿಕರಿಂದ ಭಕ್ತಿಪೂರ್ವಕ ಸ್ವಾಗತ.'

"ಸಾರ್, ಅವಳು ಮಶೀನಿಗೆ ಮುಗೀತಿಲ್ಲ. ಕರೆಂಟು ಬಿಡಿ ಅಂತ ಕಾವಲಿನೋರನ್ನ ಬೇಡ್ಕೋತಿದ್ದಾಳೆ."

ಸಾಹೇಬರು ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು.

"ಕೈ ಮುಗಿದಿದ್ದಾರೋ ಇಲ್ವೋ?"

"ಮುಗಿದಿದ್ದಾಳೆ."

"ಮತ್ತೆ? ಸಾರ್ವಜನಿಕರಿಗೆ ಆಸಕ್ತಿ ಬಂದಿದೆ ಅಂತ ಈಗ ಕಡತದಲ್ಲಿ ನಾನು ಬರೆದಿದ್ದು ಸರಿಯಾಗೇ ಇದೆಯಲ್ಲ."

ಓದಿ ನಕ್ಕಿರಾ? ಈಗ ಏಳಿ. ನಿಮಗೆ ವಿದ್ಯುತ್ ಕಾರು ಇಲ್ಲದಿದ್ದರೂ ಏಳಿ. ನಿಮ್ಮ ಬೀದಿಯ ಮಶೀನಿನ ಹತ್ತಿರ ಹೋಗಿ ಅದರ ಪರದೆ ನೋಡಿ. ಸತ್ತಿದ್ದರೆ, ಯಾವ ಜಾಗ, ಯಾವತ್ತಿನಿಂದ ಸತ್ತಿದೆ ಅಂತ ಬಿಳಿ ಹಾಳೆಯಲ್ಲಿ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ, ಪಕ್ಕದ ಮನೆಯವರದನ್ನೂ ಹಾಕಿಸಿ. ಕಚೇರಿಗೆ ತೆಗೆದುಕೊಂಡು ಹೋಗಿ, ತಲುಪಿದೆ ಅಂತ ಮುದ್ರೆ ಒತ್ತುವವರೆಗೂ ಅಲ್ಲಿನ ಬೆಂಚು ಬಿಟ್ಟು ಏಳಬೇಡಿ.