ಸಿಂಹಾಸನದ ಗಾಡಿ ಹರಾಜಿಗಿದೆ

ಮಕ್ಕಳೇ, ನಿಮ್ಮ ಸಣ್ಣಜ್ಜನಷ್ಟು ಜನರನ್ನು ಸಿಂಹಾಸನದ ಮೇಲೆ ಕೂರಿಸಿದವರು ಹಂಪಿಯ ಇತಿಹಾಸದಲ್ಲೇ ಯಾರೂ ಇಲ್ಲ! ಅಲ್ಲಿ ಒಬ್ಬ ರಾಜ ಇಳಿದು ಇನ್ನೊಬ್ಬ ಏರಬೇಕಾದರೆ ಎಷ್ಟು ಜಗಳ, ಎಷ್ಟು ಕತ್ತಿ! ನಮ್ಮವನ ಸಿಂಹಾಸನಕ್ಕೆ ತಕರಾರೇ ಇರಲಿಲ್ಲ. ಅಕ್ಕಿ ಗಿರಣಿಯ ಮಾಲೀಕರೂ ಏರಿದರು, ಅದೇ ಗಿರಣಿಯ ಹಮಾಲರೂ ಏರಿದರು. ಕೂತವರಲ್ಲಿ ಒಬ್ಬರೂ ಇದುವರೆಗೆ ಸೀಟು ಸರಿಯಿಲ್ಲ ಎಂದಿಲ್ಲ. ಅನ್ನುವ ಸ್ಥಿತಿಯಲ್ಲಿ ಅವರು ಇರಲಿಲ್ಲ ಎನ್ನುವುದು ಬೇರೆ ಮಾತು!

ಸಣ್ಣಜ್ಜ ಎಂದರೆ ನಿಮ್ಮ ಅಜ್ಜನ ತಮ್ಮ, ನನ್ನ ಮೈದುನ. ಹೊಸಪೇಟೆಯಲ್ಲಿ ನಮ್ಮದೂ ಅವನದೂ ಒಂದೇ ಅಂಗಳ. ನಮ್ಮಂಥ ಶಿವಪೂಜೆಯ ಮನೆಗಳಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂರಿಸಿಯೇ ಮೆರೆಸಿ, ಕೂರಿಸಿಯೇ ಮಣ್ಣು ಕೊಡುತ್ತೇವೆ. ಅವನ ಸಿಂಹಾಸನ ಇದ್ದದ್ದು ಅದಕ್ಕೆಂದೇ ಕಟ್ಟಿಸಿದ ಒಂದು ಗಾಡಿಯಲ್ಲಿ.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಸಮುದ್ರ ನೋಡಲು ಹೋಗುತ್ತಿದ್ದ ಕಾಲ! ನಮ್ಮ ಓಣಿಯಲ್ಲಿ ಬೆಳಿಗ್ಗೆ ಬಿಳಿ ಪಂಚೆ ಒಣಹಾಕಿದರೆ ಸಂಜೆಗೆ ಅದಿರಿನ ಕೆಂಧೂಳಿಗೆ ಕಾವಿಯಾಗಿರುತ್ತಿತ್ತು. ಸನ್ಯಾಸ ತೆಗೆದುಕೊಳ್ಳಲು ಗುರುವೇ ಬೇಕಿರಲಿಲ್ಲ. ನಿನ್ನೆ ಸೈಕಲ್ ಮೇಲೆ ಹಾಲು ಹಾಕಿದವನು ಇಂದು ಟಿಪ್ಪರ್ ಲಾರಿಯ ಮಾಲೀಕನಾಗಿ ಎರಡು ಕಿವಿಗೂ ಒಂದೊಂದು ಫೋನು ಹಿಡಿಯುತ್ತಿದ್ದ. ಇದನ್ನೆಲ್ಲ ನೋಡಿ ನನ್ನ ನೆಗೆಣ್ಣಿ, ಎಂದರೆ ಸಣ್ಣಜ್ಜನ ಹೆಂಡತಿ, ತವರಿನವರು ಕೊಟ್ಟ ಹೊಲ ಮಾರಿ, ಟಿಪ್ಪರ್ ತರಲು ಗಂಡನನ್ನು ಯಶವಂತನಗರದ ಕಡೆಗೆ ಅಟ್ಟಿದಳು. ಅವನು ತಂದದ್ದು ಏನು ಗೊತ್ತೇ? ಯಾವುದೋ ಕಂಪನಿ ಓಡಿಸಿ ಓಡಿಸಿ ಬಿಟ್ಟ ಹಳೆಯ ವ್ಯಾನು!

ಅದನ್ನು ಗ್ಯಾರೇಜಿಗೆ ಹಾಕಿ ಸೂರು ಎತ್ತರಿಸಿದ. ಸುತ್ತ ಗಾಜು, ಮೇಲೆ ಹಿತ್ತಾಳೆಯ ಕಳಸ, ನಡುವೆ ಕೈಯಿರುವ ದೊಡ್ಡ ಕುರ್ಚಿ. ಮನೆಯ ಮುಂದೆ ತಂದು ನಿಲ್ಲಿಸಿದಾಗ ನೆಗೆಣ್ಣಿ ಕೈಯಲ್ಲಿದ್ದ ಆರತಿ ತಟ್ಟೆ ಕೆಳಗಿಟ್ಟಳು.

"ಇದೇನ್ರೀ? ಟಿಪ್ಪರ್ ಎಲ್ಲೈತಿ?"

"ಲಾರಿ ಸಾಲಿನ ನಡುವ ಹೆಣ ಹೊತ್ತು ಹೋಗೋದು ಎಷ್ಟು ಕಷ್ಟ ಆಗೇತಿ, ನೋಡೀಯೇನು? ಟಿಪ್ಪರ್‌ನವರು ಲೋಡ್ ಸಿಗವಲ್ದು ಅಂತ ಅಳತಾರ. ನನಗ ಆ ಚಿಂತಿಲ್ಲ. ನನ್ನ ಲೋಡಿಗೆ ಪರ್ಮಿಟ್ ಬ್ಯಾಡ, ಓವರ್‌ಲೋಡ್ ಅಂತ ಯಾರೂ ಹಿಡಿಯಂಗಿಲ್ಲ!"

ಬಾಡಿಗೆ ಕೇಳಿದವರಿಗೆ "ಡೀಸೆಲ್ ಹಾಕಸ್ರಿ, ಸಾಕು" ಎನ್ನುತ್ತಿದ್ದ. ನೆಗೆಣ್ಣಿ ಹಣೆ ಹಣೆ ಬಡಿದುಕೊಂಡಳು.

ಆದರೆ ಒಂದು ಮಾತು ಒಪ್ಪಬೇಕು. ಅದಿರು ಲಾರಿಗಳು ಊರಿನಿಂದ ಊರಿಗೆ ಸಾಲುಗಟ್ಟಿ ನಿಂತಾಗಲೂ ಆ ಗಾಡಿಗೆ ಒಂದಿಷ್ಟು ಜಾಗ ಬಿಡುತ್ತಿದ್ದರು. ಒಮ್ಮೆ ಸಂಡೂರಿನ ದಾರಿಯಲ್ಲಿ ಒಬ್ಬ ದೊಡ್ಡ ಕಂಟ್ರಾಕ್ಟರರ ಕಾರು ಸಿಕ್ಕಿಕೊಂಡಿತ್ತಂತೆ. ಮನೆಯಲ್ಲಿ ಯಾರೋ ಸಾಹೇಬರು ಊಟಕ್ಕೆ ಬರುವವರಿದ್ದರು. ಖಾಲಿ ಗಾಡಿಯಲ್ಲಿ ಹಿಂದಿರುಗುತ್ತಿದ್ದ ನಮ್ಮವನನ್ನು ಕಂಡು, "ಲೇ ತಮ್ಮಾ, ನನ್ನ ಬಿಟ್ಟುಬಿಡಪ್ಪಾ" ಎಂದು ಕೇಳಿಕೊಂಡರು. ಮುಂದಿನ ಸೀಟಿನಲ್ಲಿ ಬ್ಯಾಟರಿ ಇಟ್ಟಿತ್ತು. ಇನ್ನೆಲ್ಲಿ ಕೂರಬೇಕು? ಸಿಂಹಾಸನದಲ್ಲಿ! ಬಿಳಿ ಬಟ್ಟೆ, ಹಣೆಗೆ ವಿಭೂತಿ, ತಣ್ಣನೆಯ ಗಾಳಿಗೆ ಮುಚ್ಚಿದ ಕಣ್ಣು. ದಾರಿಯುದ್ದಕ್ಕೂ ಜನ ಕೈಮುಗಿದರು. ತಮ್ಮ ಹೆಸರು ಇಷ್ಟು ದೊಡ್ಡದಾಗಿದೆಯೇ ಎಂದು ಅವರಿಗೆ ಸಂತೋಷವೂ ಆಯಿತಂತೆ. ಗಾಡಿ ಅವರ ಮನೆಯ ಮುಂದೆ ನಿಂತಿತು. ಹೆಂಡತಿ ಮಹಡಿಯಿಂದ ಬಗ್ಗಿ ನೋಡಿದರು. ಮುಂದಿನದನ್ನು ನಾನು ಹೇಳಬೇಕೇ? ಊಟಕ್ಕೆ ಬಂದ ಸಾಹೇಬರೇ ಆಕೆಯ ಮುಖಕ್ಕೆ ನೀರು ಚಿಮುಕಿಸಬೇಕಾಯಿತು!

ಇಷ್ಟೇ ಆಗಿದ್ದರೆ ನಾವೂ ನಗುತ್ತಿದ್ದೆವು. ಆದರೆ ಅವನಿಗೆ ಮದುವೆಗೆ ಬಂದ ಮಗಳಿದ್ದಳು. ಒಬ್ಬಳೇ ಮಗಳು, ಓದಿದವಳು, ಲಕ್ಷಣವಾದವಳು. ಗಂಡಿನ ಕಡೆಯವರು ಬರುತ್ತಿದ್ದರು. ಓಣಿಯ ತಿರುವಿನವರೆಗೆ ಮಾತ್ರ ಬರುತ್ತಿದ್ದರು! ಬಾಗಿಲಲ್ಲಿ ನಿಂತ ಗಾಡಿ ಕಂಡೊಡನೆ ಒಬ್ಬರಿಗೆ ಬಸ್ಸಿನ ನೆನಪಾಗುತ್ತಿತ್ತು, ಇನ್ನೊಬ್ಬರಿಗೆ ಹೊಟ್ಟೆನೋವು ಬರುತ್ತಿತ್ತು. ನಾವು ಮಾಡಿಟ್ಟ ಮಂಡಾಳೊಗ್ಗರಣೆ, ಮಿರ್ಚಿ ಬಜ್ಜಿ ನಾವೇ ತಿನ್ನಬೇಕಾಗುತ್ತಿತ್ತು.

"ಹೆಣ ಎದುರಾದ್ರ ಹೋದ ಕೆಲಸ ಆಗತೈತಿ ಅಂತಾರ, ಇವ್ರ್ಯಾಕ ಓಡತಾರ?" ಎಂದ ನಮ್ಮವನು.

"ದಾರ್ಯಾಗ ಎದುರಾಗಬೇಕ್ರೀ! ಬೀಗರ ಬಾಗಲದಾಗಲ್ಲ!" ಎಂದು ನೆಗೆಣ್ಣಿ ಲಟ್ಟಣಿಗೆ ಎತ್ತಿದಳು.

ಬೇರೆ ಕಡೆ ನಿಲ್ಲಿಸೋಣವೆಂದರೆ ಊರಲ್ಲಿ ಯಾರೂ ಜಾಗ ಕೊಡಲಿಲ್ಲ. ಕಂಪ್ಲಿಯಿಂದ ಇನ್ನೊಂದು ಸಂಬಂಧ ಬಂದಾಗ ನೆಗೆಣ್ಣಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: ಅವರು ಬರುವುದರೊಳಗೆ ಗಾಡಿ ಹೋಗಬೇಕು, ಇಲ್ಲವೇ ಮಗಳ ಮದುವೆಯ ಆಸೆ ಬಿಡಬೇಕು. ಗುಜರಿಯವನು ಬಂದು ಕಳಸವನ್ನು ಸುತ್ತಿಗೆಯಿಂದ ತಟ್ಟಿ ನೋಡಿದ. ನಮ್ಮವನು ಅವನನ್ನೇ ತಟ್ಟಲು ಹೋದ. "ಓಡೋ ಗಾಡಿ ಓಡಸೋರ ಕೈಗೇ ಹೋಗಬೇಕು" ಎಂಬುದು ಅವನ ಹಟ.

ಆಗ ಬಸ್ ನಿಲ್ದಾಣದ ಹಿಂದಿನ ಇಂಟರ್ನೆಟ್ ಅಂಗಡಿಯವನು ಹೇಳಿದ: "ಕಾಕಾ, ಆನ್‌ಲೈನ್ ಹರಾಜಿಗೆ ಹಾಕ್ರಿ. ದೇಶದಾಗಿನ ಮಂದಿ ಎಲ್ಲಾ ನೋಡತಾರ."

ನಿಮ್ಮ ಸಣ್ಣಜ್ಜ ದನದ ಸಂತೆಯಲ್ಲಿ ಪಳಗಿದವನು. ಅಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ ಮುಚ್ಚಿ, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ವ್ಯಾಪಾರ ಮುಗಿಸುತ್ತಾರೆ. ಇವನು ಕಂಪ್ಯೂಟರಿನ ಮುಂದೆ ಕೂತವನೇ ಹೆಗಲ ಟವೆಲ್ ತೆಗೆದು ಮೌಸಿನ ಮೇಲೆ ಮುಚ್ಚಿದ!

"ಕಾಕಾ, ಟವೆಲ್ ಯಾಕ?"

"ಬಾಜೂಕಿನಾವ ನನ್ನ ರೇಟು ನೋಡಬಾರದು."

"ರೇಟು ಮುಂದ ಪರದೆ ಮ್ಯಾಲೆ ಕಾಣತೈತಿ, ಕಾಕಾ!"

ಇವನು ಇನ್ನೊಂದು ಟವೆಲ್ ಕೇಳಿದನಂತೆ, ಪರದೆಗೆ!

ಗಾಡಿಯ ಫೋಟೋ ಹಾಕಿದರು. ಹೂವಿನ ಹಾರ ಇಳಿಬಿಟ್ಟು, ಕಳಸ ಫಳಫಳ ಹೊಳೆಯುವ ಒಳ್ಳೆಯ ಫೋಟೋ. ಕೆಳಗೆ ಇವನು ಹೇಳಿ ಬರೆಸಿದ್ದು ಇಷ್ಟೇ: ಒಬ್ಬರೇ ಕೂರುವ ಗಾಡಿ, ನಿಧಾನ ಓಟ, ಕೂತವರು ನಾಲ್ಕೂ ಕಡೆಗೆ ಕಾಣುತ್ತಾರೆ, ಕುಲುಕುವುದಿಲ್ಲ. ಯಾವುದಕ್ಕೆ ಬಳಸುವ ಗಾಡಿ ಎಂದು ಬರೆಸಲೇ ಇಲ್ಲ. ಅಂಗಡಿಯವನೂ ನಮ್ಮ ಕಡೆಯವನೇ, ಅವನೂ ಕೇಳಲಿಲ್ಲ. ಗಾಜಿನ ಗಾಡಿಯೊಳಗೆ ಕುರ್ಚಿ ಕಂಡರೆ ನಮ್ಮೂರಿನ ಕೂಸಿಗೂ ಗೊತ್ತಾಗುತ್ತದೆ, ಬೇರೆ ಹೇಳಬೇಕೇ? ಆದರೆ ದೇಶದಲ್ಲಿ ಹೆಚ್ಚಿನವರು ಮಲಗಿಯೇ ಹೋಗುತ್ತಾರೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ!

ಹರಾಜು ಏರಿತು ನೋಡಿ! ಟಿಪ್ಪರಿಗೂ ಅಷ್ಟು ಪೈಪೋಟಿ ಇರಲಿಲ್ಲ. ನೆಗೆಣ್ಣಿ ಗಂಡನಿಗೆ ಎರಡು ಹೊತ್ತು ತುಪ್ಪ ಬಡಿಸತೊಡಗಿದಳು. ಕೊನೆಗೆ ಎಲ್ಲರಿಗಿಂತ ಮೇಲೆ ಕೂಗಿದವನು ದೂರದ ಊರಿನ ಒಬ್ಬ ಲೀಡರನ ಹಿಂಬಾಲಕ. ಕಂಪ್ಲಿಯವರು ಬರುವ ಹಿಂದಿನ ದಿನವೇ ಗಾಡಿ ನೋಡಲು ಕಾರಿನಲ್ಲಿ ಬಂದಿಳಿದ. ಕೈಯಲ್ಲಿ ಹಾರ, ಜೊತೆಗೊಬ್ಬ ಫೋಟೋದವನು.

"ಸೂಪರ್ ಆಗಿದೆ ಸಾರ್! ಎಲೆಕ್ಷನ್ ಮೆರವಣಿಗೇಲಿ ನಮ್ ಲೀಡರ್ ಇದರಲ್ಲಿ ಕೂತ್ರೆ ಜನ ಎದ್ದು ನಿಲ್ತಾರೆ!"

"ನಿಲ್ಲತಾರ, ನಿಲ್ಲತಾರ, ಟೋಪಿನೂ ತಗೀತಾರ" ಎಂದ ನಮ್ಮವನು. ಮುಂದಿನ ಮಾತು ಹೇಳಲು ಬಾಯಿ ತೆರೆಯುವುದರೊಳಗೆ ಆ ಮನುಷ್ಯ ಹಾರ ತನ್ನ ಕೊರಳಿಗೇ ಹಾಕಿಕೊಂಡು ಕುರ್ಚಿ ಏರಿ ಕೂತುಬಿಟ್ಟ. ಹೊಸ ಗಾಡಿಗೆ ಪೂಜೆಯೆಂದು ಫೋಟೋದವನು ಊದಿನಕಡ್ಡಿಯನ್ನೂ ಹಚ್ಚಿದ.

ನಮ್ಮ ಓಣಿಯ ಕೊನೆಯಲ್ಲಿ ಒಬ್ಬ ಮುದುಕಿ ಇದ್ದಳು. ಕಣ್ಣು ಮಂದ, ಬಾಯಿ ಚುರುಕು. ಸಾವಿನ ಮನೆಯಲ್ಲಿ ಹಾಡಿ ಅಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಗಾಡಿಯಲ್ಲಿ ಹಾರ ಕಂಡಿತು, ಊದಿನಕಡ್ಡಿ ವಾಸನೆ ಬಂತು. ಸೆರಗು ಬಾಯಿಗೆ ಹಿಡಿದು ಓಡಿಬಂದಳು.

"ಅಯ್ಯೋ ನನ್ನಪ್ಪಾ! ಇಷ್ಟು ಜಲ್ದಿ ಹೊಂಟ್ಯಾ! ಎಷ್ಟು ಮಂದೀಗೆ ಅನ್ನಾ ಹಾಕಿದ ಕೈಯೋ ನಿಂದು!"

ಜನ ತನ್ನನ್ನು ಹೊಗಳುತ್ತಿದ್ದಾರೆ ಎಂದುಕೊಂಡ ಆ ಮನುಷ್ಯ ನಗುತ್ತ ಕೈ ಬೀಸಿದ. ಮುದುಕಿ ಕಿಟಾರನೆ ಕಿರುಚಿದಳು: "ಯವ್ವಾ! ಹೆಣ ಕೈ ಬೀಸತೈತಿ!"

"ಅಜ್ಜೀ, ಇವ್ರು ಇನ್ನಾ ಅದಾರ" ಎಂದ ನಮ್ಮವನು.

"ಅದಾರ? ಮತ್ತ ಇಷ್ಟು ಲಗೂ ಯಾಕ ಕುಂದರಿಸೀರಿ?"

ಆಗ ವಿಷಯ ತಿಳಿದ ಆ ಮನುಷ್ಯ ಕುರ್ಚಿಯಿಂದ ಹಾರಿದ ಹಾರಾಟವನ್ನು ನೀವು ನೋಡಬೇಕಿತ್ತು! ಹಾರ ಒಂದು ಕಡೆ, ಚಪ್ಪಲಿ ಒಂದು ಕಡೆ.

"ಹೆಣದ ಗಾಡೀನ ನಮ್ ಲೀಡರ್‌ಗೆ ಮಾರೋಕೆ ಬಂದಿದ್ದೀಯಾ?"

"ಯಾಕ್ರೀ, ನಿಮ್ಮ ಲೀಡರ್ ಒಂದಿನ ಹೋಗೋರಲ್ಲೇನು? ಇಟಗೊಳ್ರಿ, ಆವಾಗ ಬರತೈತಿ" ಎಂದ ನಮ್ಮ ಸಣ್ಣಜ್ಜ, ನಿಜವಾದ ಕಳಕಳಿಯಿಂದ!

ಕಾರು ಧೂಳೆಬ್ಬಿಸಿ ಹೋಯಿತು. ಉಳಿದ ಕೂಗುವವರಿಗೆ ಅಂಗಡಿಯವನು ವಿಷಯ ತಿಳಿಸಿದ, ಒಬ್ಬರೂ ಉಳಿಯಲಿಲ್ಲ. ನೆಗೆಣ್ಣಿ ಅಂದು ಒಲೆ ಹಚ್ಚಲಿಲ್ಲ. ಮಗಳು ಮಾತ್ರ ಹೋಗಿ ಗಾಡಿಗೆ ತಾಡಪಾಲು ಹೊದಿಸಿ ಬಂದಳು.

ಮರುದಿನ ಬೆಳಿಗ್ಗೆ ಕಂಪ್ಲಿಯವರು ಬಂದರು. ಹುಡುಗ, ಅವನ ಸೋದರಮಾವ, ಇಬ್ಬರು ಹೆಂಗಸರು. ತಾಡಪಾಲಿನ ಮೇಲೆ ಕಳಸ ಎದ್ದು ಕಾಣುತ್ತಿತ್ತು. ಸೋದರಮಾವ ಅಲ್ಲೇ ನಿಂತ.

"ಶುಭ ಕಾರ್ಯಕ್ಕ ಬಂದೀವ್ರೀ ನಾವು" ಎಂದ, ಮುಖ ಗಂಟಿಕ್ಕಿ.

ನಮ್ಮವನು ಕೈ ಮುಗಿದ. "ಮಾರಾಕ ನೋಡಿದೆ, ಆಗಲಿಲ್ರೀ" ಎಂದ. ಇಷ್ಟು ಸಣ್ಣ ದನಿಯನ್ನು ನಾನು ಅವನ ಬಾಯಿಂದ ಕೇಳಿರಲಿಲ್ಲ. ಹಿಂದೆ ಒಳಗಿನ ಕೋಣೆಯಲ್ಲಿ ಹುಡುಗಿಯ ಬಳೆಗಳ ಸದ್ದು ನಿಂತಿತು.

ಹುಡುಗನ ತಾಯಿ ಎಲ್ಲರಿಗಿಂತ ದೂರ, ಓಣಿಯ ಗೋಡೆಗೆ ಒತ್ತಿ ನಿಂತಿದ್ದಳು. ನನ್ನ ಹಾಗೆಯೇ ಗಂಡ ಇಲ್ಲದವಳು. ಇಂಥ ದಿನ ಮುಂದೆ ಬರುವ ರೂಢಿ ನಮ್ಮಂಥವರಿಗಿಲ್ಲ. ನಾನೂ ಅಡುಗೆಮನೆಯ ಕಿಟಕಿ ಬಿಟ್ಟು ಕದಲಿರಲಿಲ್ಲ. ಆಕೆ ಮೆಲ್ಲಗೆ ಗಾಡಿಯ ಹತ್ತಿರ ಬಂದು, ತಾಡಪಾಲಿನ ಅಂಚು ಎತ್ತಿ, ಗಾಜಿನ ಮೇಲೆ ಅಂಗೈ ಇಟ್ಟು ನಿಂತಳು. ಎಲ್ಲರೂ ನೋಡುತ್ತಿದ್ದರು. ನಾನು ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಆಕೆಯ ಪಕ್ಕ ಹೋಗಿ ನಿಂತೆ.

ಆಕೆ ನನಗೊಬ್ಬಳಿಗೇ ಹೇಳುವಂತೆ ಹೇಳಿದಳು. "ನಮ್ಮವ್ರು ತೋರಣಗಲ್ಲಿನಾಗ ಕಂಟ್ರಾಕ್ಟ್ ಕೆಲಸಕ್ಕಿದ್ರವ್ವಾ. ಅಲ್ಲೇ ಹೋದ್ರು. ಊರಿಗೆ ಇದರಾಗ ಕರಕೊಂಡು ಹೊಂಟಿದ್ವಿ. ಲಾರಿ ಸಾಲು ಕದಲಲಿಲ್ಲ. ಮಟಮಟ ಮಧ್ಯಾಹ್ನ, ಗಾಜಿನಿಂದ ಬಿಸಲು ಅವರ ಮಾರಿ ಮ್ಯಾಲೆ ಬೀಳತಿತ್ತು. ಗಾಡಿಯಣ್ಣ ಇಳಿದು ಬಂದು, ಹೊರಗ ನಿಂತು, ತನ್ನ ಟವೆಲ್ ಎರಡೂ ಕೈಲೆ ಎತ್ತಿ ಹಿಡಿದ. ಸಾಲು ಕದಲೋತನ ಹಂಗ ನಿಂತಿದ್ದ. ಯಾಕಣ್ಣಾ ಅಂದ್ರ, ಯಜಮಾನ್ರಿಗೆ ಬಿಸಲು ಹತ್ತತೈತಿ ಅಂದ." ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. "ಜೀವ ಇರೋತನ ಬಿಸಲಾಗ ದುಡಿದ್ರು. ಒಬ್ಬರೂ ನೆರಳು ಹಿಡಿದಿರಲಿಲ್ಲ."

ಎಲ್ಲರೂ ನಮ್ಮವನ ಕಡೆ ತಿರುಗಿದರು. ಅವನು ತಬ್ಬಿಬ್ಬಾಗಿ ನಿಂತ. "ಯಾವಾಗ್ರೀ ಅದು? ನನಗ ನೆಪ್ಪಿಲ್ರೀ" ಎಂದ.

ಸೋದರಮಾವ ಗಂಟಲು ಸರಿಮಾಡಿಕೊಂಡು, "ಹಂಗಾರ ಹುಡುಗೀನ್ನ ನೋಡೋಣೇನಕ್ಕಾ?" ಎಂದ.

"ನಾ ಏನು ನೋಡಲಪ್ಪಾ?" ಎಂದಳು ಆಕೆ. "ನೋಡೋದು ಆಕೀದೈತಿ. ನನ್ನ ಮಗ ಆಕಿಗೆ ಆಗತಾನೋ ಇಲ್ಲೋ, ಆಕಿ ನೋಡಿ ಹೇಳಲಿ."

ನಮ್ಮವನು ಬಾಗಿಲಿಗೆ ಅಡ್ಡವಾಗಿದ್ದವರನ್ನು ಪಕ್ಕಕ್ಕೆ ಸರಿಸಿದ. "ಅತ್ತಿಗೀ, ಅಮ್ಮಾರನ್ನ ಕರಕೊಂಡು ಮುಂದ ನಡೀರಿ" ಎಂದ. ನಾನು ಆಕೆಯ ಕೈ ಹಿಡಿದೆ. ಅಷ್ಟು ಮಂದಿ ಕಾದು ನಿಂತಿರಲು, ಹೊಸ್ತಿಲನ್ನು ಮೊದಲು ದಾಟಿದವರು ನಾವಿಬ್ಬರು.