ಎರವಲು ಪೋಷಕರು

ಹದಿನೇಳು ವರ್ಷ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತ ಮನುಷ್ಯನಿಗೆ ಬದುಕಿನಲ್ಲಿ ಒಂದೇ ಒಂದು ಕೊರಗು ಉಳಿದಿರುತ್ತದೆ. ಊರೆಲ್ಲ ಬಂದು ತನ್ನ ಮುಂದೆ ದೂರು ಹೇಳುತ್ತದೆ. ತಾನು ದೂರು ಹೇಳುವುದಕ್ಕೆ ಮಾತ್ರ ಒಂದು ಜಾಗವಿಲ್ಲ. ನಮ್ಮ ಗುಮಾಸ್ತರ ಕೊರಗೂ ಅದೇ. ನೀರು ಬರಲಿಲ್ಲ ಎಂದು ಬೈಯುವವರು, ನೀರು ಬಂತು ಎಂದು ಬೈಯುವವರು (ಬಂದದ್ದು ನಲ್ಲಿಗಲ್ಲ, ಮಲಗುವ ಕೋಣೆಗೆ), ಬರಬೇಕಾದ ಹೊತ್ತಿಗೆ ಒಂದು ಗಂಟೆ ಮೊದಲೇ ಬಂತು ಎಂದು ಬೈಯುವವರು. ಎಲ್ಲರಿಗೂ ಅವರು ಒಂದೇ ಉತ್ತರ ಕೊಡುತ್ತಿದ್ದರು: "ಬರೆದುಕೊಂಡಿದ್ದೇನೆ, ನೋಡೋಣ." ಸಂಜೆ ಮನೆಗೆ ಬಂದರೆ ಅಲ್ಲಿಯೂ ಅವರು ಕೌಂಟರಿನ ಅದೇ ಬದಿಯಲ್ಲಿ.

"ಒದ್ದೆ ಟವೆಲು ಮತ್ತೆ ಹಾಸಿಗೆ ಮೇಲೆ!" ಎಂದು ಹೆಂಡತಿ ಒಳಗಿನಿಂದ ಕೂಗುತ್ತಿದ್ದಳು.

"ಬರೆದುಕೊಂಡಿದ್ದೇನೆ," ಎನ್ನುತ್ತಿದ್ದರು ಗುಮಾಸ್ತರು, ಅಭ್ಯಾಸಬಲದಿಂದ.

ಹೆಂಡತಿ ಒಂದನೇ ತರಗತಿಯ ಟೀಚರು. ಮೂವತ್ತೆರಡು ಮಕ್ಕಳನ್ನು ಒಂದು ಚಪ್ಪಾಳೆಗೆ ಕೂರಿಸಿ, ಎರಡು ಚಪ್ಪಾಳೆಗೆ ಎಬ್ಬಿಸುವ ಸಮರ್ಥೆ. ಒಬ್ಬ ಗಂಡನನ್ನು ಮಾತ್ರ ಹದಿನಾರು ವರ್ಷ ಚಪ್ಪಾಳೆ ತಟ್ಟಿದರೂ ತಿದ್ದಲಾಗಿರಲಿಲ್ಲ. ಕೊಡೆ ತೆಗೆದುಕೊಂಡು ಹೋದರೆ ಕೊಡೆ ಬರುತ್ತಿರಲಿಲ್ಲ. ಚೀಲ ತೆಗೆದುಕೊಂಡು ಹೋದರೆ ಬೇರೆ ಯಾರದೋ ಚೀಲ ಬರುತ್ತಿತ್ತು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುವುದು ಅವರ ನಿತ್ಯದ ವ್ಯಾಯಾಮ.

ಅಂಥ ಮನುಷ್ಯನ ಮುಂದೆ ಒಂದು ಬುಧವಾರ ಸಂಜೆ ಹೆಂಡತಿ ತಾನಾಗಿ ಬಂದು ಕೂತು, ಮೆತ್ತಗಿನ ದನಿಯಲ್ಲಿ ಹೇಳಿದಳು:

"ರೀ, ಶನಿವಾರ ನಮ್ಮ ಕ್ಲಾಸಿನ ಪೋಷಕರ ಸಭೆ. ನೀವು ಬರ್ಬೇಕು."

"ನಾನ್ಯಾಕೆ? ನಮ್ಮವಳು ಒಂಬತ್ತನೇ ಕ್ಲಾಸು. ಅದೂ ಬೇರೆ ಶಾಲೆ."

"ಪೋಷಕರ ಥರ ಕೂತ್ಕೊಳ್ಳೋದಕ್ಕೆ."

ಗುಮಾಸ್ತರು ಪತ್ರಿಕೆ ಮಡಚಿದರು.

"ಹೋದ ವರ್ಷ ಆಯಾನ ಪರಿಚಯ ಮಾಡಿಸ್ದೆ, ಆಟದ ಮೇಷ್ಟ್ರ ಪರಿಚಯ ಮಾಡಿಸ್ದೆ, ಬೆಲ್ಲು ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ ಅಂತ ಗಂಟಲು ಹರ್ಕೊಂಡೆ. ಕೊನೆಗೆ ಏನಾದ್ರೂ ಕೇಳೋದಿದೆಯಾ ಅಂದ್ರೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಆಮೇಲೆ ಒಬ್ಬರು ಕೈ ಎತ್ತಿದ್ರು. ಏನು ಕೇಳಿದ್ರು ಗೊತ್ತಾ? 'ಇನ್ನು ಹೋಗ್ಬಹುದಾ?' ಅಂತ."

"ಒಳ್ಳೇ ಪ್ರಶ್ನೆಯೇ," ಎಂದರು ಗುಮಾಸ್ತರು.

"ತಮಾಷೆ ಸಾಕು. ದೊಡ್ಡ ಮೇಡಂ ಹಿಂದೆ ಕೂತು ಎಲ್ಲಾ ನೋಡಿದ್ರು. 'ನಿಮ್ಮ ಮುಂದೆ ದೊಡ್ಡವರೇ ಬಾಯಿ ಬಿಡೋಕೆ ಹೆದರ್ತಾರೆ, ಇನ್ನು ಆರು ವರ್ಷದ ಮಗು ಹೇಗೆ ಬಾಯಿ ಬಿಡುತ್ತೆ?' ಅಂದ್ರು. ಈ ಸಲವೂ ಹಾಗೇ ಆದ್ರೆ ಒಂದನೇ ಕ್ಲಾಸು ಬೇರೆಯವರಿಗೆ. ನಾನು ಲೈಬ್ರರಿಗೆ." ಅವಳ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಆ ಮಕ್ಕಳನ್ನ ಬಿಟ್ಟು ಬೀರುಗಳ ಮಧ್ಯೆ ಕೂತ್ಕೊಂಡು ಏನು ಮಾಡ್ಲಿ ನಾನು?"

ಗುಮಾಸ್ತರ ಎದೆ ಕರಗಿತು. ಅದಕ್ಕಿಂತ ಹೆಚ್ಚಾಗಿ, ಎದ್ದು ನಿಂತು ಪ್ರಶ್ನೆ ಕೇಳುವ, ಎದುರಿನವರು ಉತ್ತರ ಹೇಳಲೇಬೇಕಾದ ಒಂದು ಸುವರ್ಣಾವಕಾಶ ಹದಿನೇಳು ವರ್ಷಗಳಲ್ಲಿ ಮೊದಲ ಬಾರಿಗೆ ಬಾಗಿಲು ತಟ್ಟಿತ್ತು.

"ಬಂದೆ ಅಂದ್ಕೋ," ಎಂದರು.

ಹೆಂಡತಿ ಒಂದು ಚೀಟಿ ಬರೆದುಕೊಟ್ಟಳು. ಅದರಲ್ಲಿ ಮೂರು ಸುಲಭದ ಪ್ರಶ್ನೆಗಳಿದ್ದವು: ಮಗುವಿಗೆ ಮನೆಯಲ್ಲಿ ಏನು ಓದಿಸಬೇಕು, ರಜೆ ಬೇಕಾದರೆ ಏನು ಮಾಡಬೇಕು, ಮನೆಗೆಲಸ ಎಷ್ಟಿರುತ್ತದೆ. ನಾಲ್ಕನೆಯ ಸಾಲಿಗೆ ಕೆಂಪು ಶಾಯಿ: "ನಾಲ್ಕು ಗಂಟೆಗೆ ಮಕ್ಕಳು ಬರುತ್ತಾರೆ. ಅದಕ್ಕೆ ಮೊದಲೇ ಎದ್ದು ಹೋಗಿ."

"ಯಾಕೆ, ಮಕ್ಕಳು ನನ್ನನ್ನ ಕಚ್ಚುತ್ತಾರಾ?"

"ಹೋಗಿ ಅಂದ್ರೆ ಹೋಗಿ," ಎಂದಳು ಹೆಂಡತಿ, ಬೇರೆಡೆ ನೋಡುತ್ತಾ. ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ಮಗಳು ಪುಸ್ತಕದೊಳಗೆ ಮುಖ ಹುದುಗಿಸಿ ಕಿಸಕ್ಕೆಂದಳು.

(ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಅದಕ್ಕೆ ಎರಡು ವಾರ ಮೊದಲು ಹೆಂಡತಿ ದಿನವೂ ಸಂಜೆ ದೊಡ್ಡ ಚಾರ್ಟ್ ಹಾಳೆ, ಬಣ್ಣದ ಪೆನ್ನು ಹಿಡಿದು ಗುಮಾಸ್ತರ ಎದುರಿಗೇ ಕೂರುತ್ತಿದ್ದಳು. "ಸ್ವಲ್ಪ ಹಾಗೇ ಇರಿ, ಅಲುಗಾಡ್ಬೇಡಿ," ಎಂದು ಆಗಾಗ ಮುಖವನ್ನೇ ದಿಟ್ಟಿಸುತ್ತಿದ್ದಳು. "ಏನು ಬರೀತಿದ್ದೀಯ?" ಎಂದರೆ "ಮಕ್ಕಳಿಗೆ ಶಿಸ್ತು" ಎನ್ನುತ್ತಿದ್ದಳು. ಮದುವೆಯಾಗಿ ಹದಿನಾರು ವರ್ಷವಾದರೂ ತನ್ನ ಮುಖ ನೋಡುತ್ತಾ ಕೂರುವ ಹೆಂಡತಿ ಎಷ್ಟು ಜನರಿಗಿದ್ದಾಳೆ ಎಂದು ಗುಮಾಸ್ತರು ಒಳಗೊಳಗೇ ಉಬ್ಬಿಹೋಗಿದ್ದರು.)

ಶನಿವಾರ ಮಧ್ಯಾಹ್ನ ಅವರು ಇಸ್ತ್ರಿಯ ಹೊಸ ಅಂಗಿ ತೊಟ್ಟು ಶಾಲೆಗೆ ಹೋದರು. ಚೀಟಿ ಹಳೆಯ ಅಂಗಿಯ ಜೇಬಿನಲ್ಲೇ ಉಳಿಯಿತು.

ಒಂದನೇ ತರಗತಿಯ ಕುರ್ಚಿಗಳು ಒಂದನೇ ತರಗತಿಯವರಿಗೆ ಎಂದೇ ಮಾಡಿದವು. ಗುಮಾಸ್ತರು ಕೂತರೆ ಮೊಣಕಾಲು ಗಲ್ಲಕ್ಕೆ ತಾಗಿತು. ಪಕ್ಕದಲ್ಲಿ ಅದಕ್ಕಿಂತ ಚಿಕ್ಕ ಕುರ್ಚಿಯಲ್ಲಿ, ಅವರಿಗಿಂತ ದಪ್ಪಗಿನ ಬಸ್ ಡ್ರೈವರೊಬ್ಬರು ಮಡಚಿಟ್ಟ ಹಾಸಿಗೆಯಂತೆ ಕೂತಿದ್ದರು. ಗೋಡೆಯ ತುಂಬ ಚಾರ್ಟುಗಳು. ಅವುಗಳಲ್ಲಿ ಒಬ್ಬ ಆಸಾಮಿಯ ಚಿತ್ರ ಮತ್ತೆ ಮತ್ತೆ ಬಂದಿತ್ತು: ಅರ್ಧ ಬೋಳು ತಲೆ, ಒಂದು ತುದಿ ಮೇಲೆ ಇನ್ನೊಂದು ತುದಿ ಕೆಳಗೆ ಹೋದ ಮೀಸೆ. ಒಂದರಲ್ಲಿ ಅವನು ಒಂದೇ ಕಾಲಿಗೆ ಶೂ ಹಾಕಿಕೊಂಡು ಬೀದಿಗಿಳಿದಿದ್ದ. ಇನ್ನೊಂದರಲ್ಲಿ ಒದ್ದೆ ಟವೆಲನ್ನು ಹಾಸಿಗೆಗೆ ಹೊದಿಸಿದ್ದ. ಮತ್ತೊಂದರಲ್ಲಿ ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡು ಮಂಚದ ಕೆಳಗೆ ಇಣುಕುತ್ತಿದ್ದ. ಎಲ್ಲದರ ಕೆಳಗೂ ದೊಡ್ಡ ಅಕ್ಷರ: "ಇವನು ಮರೆಗುಳಿಯಪ್ಪ. ನಾವು ಹಾಗಲ್ಲ!"

ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂಥಾ ಪ್ರಾಣಿ ನೋಡಿ ಇದು! ಪಾಪ, ಇಂಥವನ ಜೊತೆ ಆ ಹೆಂಡ್ತಿ ಹೇಗೆ ಏಗ್ತಾಳೋ," ಎಂದು ಮೀಸೆ ಸವರಿಕೊಂಡರು. ಒಂದು ತುದಿ ಮೇಲಕ್ಕೂ ಇನ್ನೊಂದು ಕೆಳಕ್ಕೂ ಹೋಯಿತು.

ಡ್ರೈವರು ಅವರನ್ನೊಮ್ಮೆ ನೋಡಿದರು, ಚಾರ್ಟನ್ನೊಮ್ಮೆ ನೋಡಿದರು.

ಟೀಚರು ಸಭೆ ಆರಂಭಿಸಿದರು. (ಶಾಲೆಯ ಗೇಟಿನ ಒಳಗೆ ಹೆಂಡತಿಗೂ ಬಹುವಚನ ಕೊಡಬೇಕು.) ಹೊಸ ಆಯಾರನ್ನು ಪರಿಚಯಿಸಿದರು. "ಗುಲಾಬಿ ಚೀಟಿ ಇಲ್ದೆ ಬಂದ್ರೆ ಪೊಲೀಸಿನವರು ಕೇಳಿದ್ರೂ ನಾನು ಮಗು ಕೊಡಲ್ಲ," ಎಂದು ಆಯಾ ಸೊಂಟಕ್ಕೆ ಕೈಯಿಟ್ಟು ಘೋಷಿಸಿ, ಮಕ್ಕಳನ್ನು ನೋಡಿಕೊಳ್ಳಲು ಮೈದಾನಕ್ಕೆ ಹೋದರು. ಬೆಲ್ಲು ಎಂಟೂವರೆಗೆ, ಬಂದ ಕೂಡಲೇ ಶೂ ಗೂಡಿಗೆ, ನೀರಿನ ಬಾಟಲಿ ಕಿಟಕಿಯ ಕಟ್ಟೆಗೆ, ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಮಗು ಓದಬೇಕು, ಪೋಷಕರು ಕೇಳಬೇಕು. "ಮನೆಗೆಲಸ ಮಗುವೇ ಬರೀಲಿ. ಹೋದ ವಾರ ಒಂದು ಪುಸ್ತಕದಲ್ಲಿ 'ಅ ಆ ಇ ಈ' ಕೆಳಗೆ ಅಭ್ಯಾಸದಿಂದ ಆಫೀಸಿನ ಸಹಿಯೂ ಇತ್ತು," ಎಂದರು ಟೀಚರು. ಯಾರೂ ನಗಲಿಲ್ಲ. ಹಿಂದೆ ಕೂತಿದ್ದ ದೊಡ್ಡ ಮೇಡಂ ಪುಸ್ತಕದಲ್ಲಿ ಏನೋ ಗೀಚಿಕೊಂಡರು.

"ಏನಾದ್ರೂ ಕೇಳೋದಿದೆಯಾ?"

ಫ್ಯಾನಿನ ಸದ್ದು ಕೇಳಿಸುವಷ್ಟು ಮೌನ. ಟೀಚರ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಅವರ ಕಣ್ಣು ಮೂರನೇ ಸಾಲಿಗೆ ಬಂದು ನಿಂತಿತು.

ಗುಮಾಸ್ತರು ಜೇಬಿಗೆ ಕೈ ಹಾಕಿದರು. ಖಾಲಿ. ಇನ್ನೊಂದು ಜೇಬು, ಅದೂ ಖಾಲಿ. ಆದರೂ ಹೆಂಡತಿಯ ಆ ಮುಖ ನೋಡಿ ಕೂತಿರಲಾಗಲಿಲ್ಲ. ಎದ್ದರು (ಕುರ್ಚಿಯೂ ಅರ್ಧ ದಾರಿ ಜೊತೆಗೆ ಎದ್ದು, ಮತ್ತೆ ಕೂತಿತು). ತಲೆಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಬಾಯಿಗೆ ಬಂದದ್ದು ಹದಿನೇಳು ವರ್ಷ ಕೌಂಟರಿನಲ್ಲಿ ಕೇಳಿದ್ದು.

"ಇಲ್ಲಿ ನೀರು... ಎಷ್ಟೆಷ್ಟು ಹೊತ್ತಿಗೆ ಬಿಡ್ತೀರಿ?"

ಟೀಚರು ಒಂದು ಕ್ಷಣ ತಬ್ಬಿಬ್ಬಾದರು. "ನೀರು ಕುಡಿಯೋಕಾ? ದಿನಕ್ಕೆ ಮೂರು ಸಲ ಬಿಡ್ತೀವಿ ಸಾರ್. ಮಧ್ಯೆ ಬಾಯಾರಿದ್ರೂ ಕೈ ಎತ್ತಿ ಕೇಳ್ಬಹುದು."

ಹದಿನೇಳು ವರ್ಷದಲ್ಲಿ ಯಾವ ದೂರಿಗೂ ಇಷ್ಟು ಬೇಗ ಉತ್ತರ ಸಿಕ್ಕಿದ್ದನ್ನು ಗುಮಾಸ್ತರು ಕಂಡಿರಲಿಲ್ಲ. ಅವರಿಗೆ ಏರಿಬಿಟ್ಟಿತು.

"ಆಮೇಲೆ, ಎಲ್ಲಾದ್ರೂ ಸೋರಿಕೆ ಆದ್ರೆ? ಯಾರಿಗೆ ಹೇಳ್ಬೇಕು? ಎಷ್ಟು ಹೊತ್ತಿನಲ್ಲಿ ಬಂದು ಸರಿಮಾಡ್ತೀರಿ?"

ತರಗತಿಯಲ್ಲಿ ಒಂದು ಸಂಚಲನವಾಯಿತು. ಅಮ್ಮಂದಿರು ಮುಂದಕ್ಕೆ ಬಾಗಿದರು. ಎಲ್ಲರೂ ಕೇಳಬೇಕೆಂದುಕೊಂಡು ಬಂದು, ನಾಚಿಕೆಯಿಂದ ನುಂಗಿಕೊಂಡಿದ್ದ ಪ್ರಶ್ನೆ ಅದೇ ಆಗಿತ್ತು.

"ಚೆನ್ನಾಗಿ ಕೇಳಿದ್ರಿ ಸಾರ್," ಎಂದರು ಟೀಚರು, ಮುಖ ಅರಳಿಸಿ. "ಆರು ವರ್ಷದ ಮಕ್ಕಳಲ್ಲಿ ಅದು ಆಗೋದೇ. ಒಂದು ಜೊತೆ ಬಟ್ಟೆ ಚೀಲದಲ್ಲಿ ಇಟ್ಟು ಕಳ್ಸಿ. ಆಯಾಗೆ ಹೇಳಿದ್ರೆ ಐದೇ ನಿಮಿಷ. ಇಲ್ಲಿ ಯಾರೂ ಮಗೂನ ಬೈಯಲ್ಲ, ಯಾರಿಗೂ ನಗೋಕೂ ಬಿಡಲ್ಲ."

"ನಮ್ಮವನಿಗೆ ಅದೇ ಭಯ ಮೇಡಂ, ಅದಕ್ಕೇ ನೀರೇ ಕುಡಿಯಲ್ಲ!" ಎಂದರು ಕಿಟಕಿಯ ಪಕ್ಕದ ಒಬ್ಬ ತಾಯಿ. "ನಮ್ಮವಳೂ ಅಷ್ಟೇ!" ಎಂದರು ಇನ್ನೊಬ್ಬರು. ಅಲ್ಲಿಂದ ಕಟ್ಟೆ ಒಡೆಯಿತು. ಊಟದ ಡಬ್ಬಿ ಮುಚ್ಚಳ ತೆಗೆಯಲು ಬಾರದಿದ್ದರೆ? ಎಡಗೈಯಲ್ಲಿ ಬರೆದರೆ? ಪೆನ್ಸಿಲ್ ತಿಂದರೆ? ಮೂವತ್ತು ಬಾಯಿ, ಮೂವತ್ತು ಪ್ರಶ್ನೆ. ಟೀಚರು ಎಲ್ಲದಕ್ಕೂ ನಗುನಗುತ್ತಾ ಉತ್ತರ ಹೇಳಿದರು. ದೊಡ್ಡ ಮೇಡಂ ಪುಸ್ತಕ ಮುಚ್ಚಿಟ್ಟು ಕೇಳುತ್ತಾ ಕೂತರು. ಗುಮಾಸ್ತರು ಮಾತ್ರ ನಡುನಡುವೆ "ಇದನ್ನ ಲಿಖಿತವಾಗಿ ಕೊಡಿ!" ಎಂದು ಗುಡುಗುತ್ತಿದ್ದರು. ಜನ್ಮದಲ್ಲಿ ಆ ಮಾತು ಅವರಿಗೆ ಹೇಳಲು ಸಿಕ್ಕಿದ್ದು ಅದೇ ಮೊದಲು.

ಕೊನೆಗೆ ಬಸ್ ಡ್ರೈವರು ಎದ್ದು ನಿಂತರು. "ಪೋಷಕರ ಪ್ರತಿನಿಧಿ ಅಂತ ಒಬ್ಬರು ಬೇಕಲ್ವಾ ಮೇಡಂ? ಈ ಸಾರೇ ಇರ್ಲಿ. ಭಯ ಅನ್ನೋದೇ ಇಲ್ಲ ಈ ಮನುಷ್ಯನಿಗೆ!"

(ಈ ಮಾತು ಮನೆಯಲ್ಲಿ ಯಾರಾದರೂ ಹೇಳಿದ್ದರೆ ಮಗಳು ಒಂದು ವಾರ ನಗುತ್ತಿದ್ದಳು.)

ಚಪ್ಪಾಳೆ ಬಿತ್ತು. ಟೀಚರು ಕಣ್ಣು ಮಿಟುಕಿಸಿದರು, ಗಡಿಯಾರದತ್ತ ಗಲ್ಲ ಎತ್ತಿದರು, ಕೆಮ್ಮಿದರು. ಹೊಸ ಪ್ರತಿನಿಧಿಗಳು ಅದನ್ನೆಲ್ಲ ಅಭಿನಂದನೆಯೆಂದೇ ತಿಳಿದು ಕೈಮುಗಿದರು. ನಾಲ್ಕನೇ ಸಾಲು, ಕೆಂಪು ಶಾಯಿ, ಎರಡೂ ಹಳೆಯ ಅಂಗಿಯ ಜೇಬಿನಲ್ಲಿ ನಿದ್ದೆ ಮಾಡುತ್ತಿದ್ದವು.

ನಾಲ್ಕು ಗಂಟೆ ಹೊಡೆಯಿತು. ಆಯಾ ಮೂವತ್ತೆರಡು ಮಕ್ಕಳನ್ನು ಸಾಲಾಗಿ ಕರೆತಂದು ಬಾಗಿಲ ಹೊರಗೆ ನಿಲ್ಲಿಸಿದರು.

"ಮಗುವನ್ನ ಕರ್ಕೊಂಡು ಹೋಗೋ ಕ್ರಮ ಹೇಗೆ ಅಂತ ಎಲ್ಲರಿಗೂ ತೋರಿಸೋಣ," ಎಂದರು ದೊಡ್ಡ ಮೇಡಂ ಸಂತೋಷದಿಂದ. "ಮೊದಲು ಪ್ರತಿನಿಧಿಗಳು ಬರ್ಲಿ."

ಆಗ ಗುಮಾಸ್ತರಿಗೆ ನೆನಪಾಯಿತು. ಆದರೆ ಜನ ದಾರಿ ಬಿಟ್ಟಿದ್ದರು, ಡ್ರೈವರು ಬೆನ್ನು ತಟ್ಟಿ ಮುಂದಕ್ಕೆ ನೂಕಿದ್ದರು. ಬಾಗಿಲಲ್ಲಿ ಆಯಾ ಕೈ ಚಾಚಿದರು.

"ಚೀಟಿ, ಸಾರ್?"

"ಅದು... ಹಳೇ ಅಂಗಿಯಲ್ಲಿ..."

"ಇರ್ಲಿ ಬಿಡಿ, ಮಗು ಯಾವುದು ಅಂತ ತೋರ್ಸಿ," ಎಂದರು ದೊಡ್ಡ ಮೇಡಂ.

ಗುಮಾಸ್ತರು ಮೂವತ್ತೆರಡು ಮಕ್ಕಳನ್ನು ನೋಡಿದರು. ಮೂವತ್ತೆರಡು ಮಕ್ಕಳು ಗುಮಾಸ್ತರನ್ನು ನೋಡಿದರು. ಸಾಲಿನ ಮುಂದಿದ್ದ ಎರಡು ಜಡೆಯ ಹುಡುಗಿ ಅವರ ಮೀಸೆ ನೋಡಿದಳು, ಅವರ ಬೆನ್ನ ಹಿಂದಿನ ಗೋಡೆ ನೋಡಿದಳು, ಮತ್ತೆ ಮೀಸೆ ನೋಡಿದಳು. ಅವಳ ಬಾಯಿ ನಿಧಾನವಾಗಿ ತೆರೆಯಿತು.

"ಆಯಾ! ಇವ್ರು ಮರೆಗುಳಿಯಪ್ಪ!"

ಮುಂದಿನದು ಸಾಲೂ ಅಲ್ಲ, ಶಿಸ್ತೂ ಅಲ್ಲ. "ಮರೆಗುಳಿಯಪ್ಪ! ಮರೆಗುಳಿಯಪ್ಪ ಬಂದ!" ಎಂದು ಇಡೀ ಒಂದನೇ ತರಗತಿ ಅವರ ಕಾಲಿಗೆ ಮುತ್ತಿಕೊಂಡಿತು. "ಒದ್ದೆ ಟವೆಲು ಎಲ್ಲಿ ಹಾಕ್ದೆ?" "ಇವತ್ತು ಎರಡೂ ಶೂ ಹಾಕಿದಾನೆ ನೋಡ್ರೋ!" "ಕನ್ನಡಕ ಎಲ್ಲಿ?" ಗುಮಾಸ್ತರು ಗಾಬರಿಯಿಂದ ಕನ್ನಡಕಕ್ಕಾಗಿ ಜೇಬು ತಡಕಿದರು. "ಹಣೆ ಮೇಲೆ!" ಎಂದು ಮೂವತ್ತೆರಡು ದನಿಗಳು ಒಟ್ಟಿಗೆ ಕೂಗಿದವು.

ಹಣೆಯ ಮೇಲೆಯೇ ಇತ್ತು. ಕೆಳಗಿಳಿಸಿಕೊಂಡು ತಿರುಗಿ, ಗೋಡೆಯ ಚಾರ್ಟನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದರು. ಹದಿನಾರು ವರ್ಷದ ಸಂಸಾರ ಬಣ್ಣಬಣ್ಣವಾಗಿ ತೂಗುತ್ತಿತ್ತು.

ಟೀಚರ ಮುಖ ಬಿಳಿಚಿಕೊಂಡಿತ್ತು. "ಮೇಡಂ, ಇವರು ನಮ್ಮ ಮನೆಯವ್ರು. ಈ ವರ್ಷವೂ ಯಾರೂ ಏನೂ ಕೇಳದಿದ್ರೆ ಅಂತ ಹೆದರಿ ನಾನೇ ಕರೆಸಿದ್ದು. ತಪ್ಪಾಯ್ತು."

ಬಸ್ ಡ್ರೈವರು ಗುಮಾಸ್ತರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಓಹೋ, ಆ ಮಹಾನುಭಾವರು ಇವರೇನಾ! ನಮ್ಮ ಮಗ ಎರಡು ವಾರದಿಂದ ನನ್ನ ಚೀಲ ನೋಡ್ದೆ ಬಸ್ಸು ಹತ್ತೋಕೇ ಬಿಡ್ತಿಲ್ಲ ಮೇಡಂ. 'ಮರೆಗುಳಿಯಪ್ಪ ಆಗ್ತೀಯಾ?' ಅಂತ ಗದರ್ತಾನೆ. ಅವನ ಶೂ ಅವನೇ ಜೋಡಿಸಿಡ್ತಾನೆ, ನನ್ನದೂ ಸೇರಿಸಿ!"

"ನಮ್ಮನೇಲೂ ಟವೆಲು ಈಗ ಹಗ್ಗದ ಮೇಲೇ," ಎಂದರು ಕಿಟಕಿಯ ಪಕ್ಕದ ತಾಯಿ. "ಮಗ ಅವರಪ್ಪನ ಹಿಂದೆ ಕಾವಲು ನಿಲ್ತಾನೆ."

ದೊಡ್ಡ ಮೇಡಂ ನಗು ತಡೆಯಲು ನೋಡಿ ಸೋತರು. "ಮೊದಲನೇ ಪ್ರಶ್ನೆಗೆ ಇವರನ್ನ ಕರ್ಕೊಂಡು ಬಂದ್ರಿ. ಉಳಿದ ಮೂವತ್ತು ಪ್ರಶ್ನೆಗೆ ಯಾರನ್ನೂ ಕರ್ಕೊಂಡು ಬಂದಿಲ್ವಲ್ಲ. ಒಂದನೇ ಕ್ಲಾಸು ನಿಮ್ಮದೇ ಟೀಚರ್." ಆಮೇಲೆ ಗುಮಾಸ್ತರ ಕಡೆ ತಿರುಗಿದರು. "ಪ್ರತಿನಿಧಿ ಪಟ್ಟ ಡ್ರೈವರಿಗೆ. ನೀವು ತಿಂಗಳಿಗೊಂದು ಶನಿವಾರ ಬಂದು ಮಕ್ಕಳ ಮುಂದೆ ಸುಮ್ನೆ ಓಡಾಡಿ, ಸಾಕು. ಏನೂ ತಯಾರಿ ಬೇಡ."

ಮನೆಗೆ ಬರುವ ದಾರಿಯಲ್ಲಿ ಗುಮಾಸ್ತರು ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಹೆಂಡತಿ ಮಾತ್ರ ಹಾಡು ಗುನುಗುತ್ತಿದ್ದಳು. ಮನೆ ಸೇರಿದ ಕೂಡಲೇ ಅವರು ಬಿಮ್ಮನೆ ಬಚ್ಚಲಿಗೆ ನಡೆದರು, ಸ್ನಾನ ಮಾಡಿದರು. ಹೊರಗೆ ಬಂದು ಮಗಳ ಎದುರಿಗೇ, ಯಾರೂ ಹೇಳದೆ, ಒದ್ದೆ ಟವೆಲನ್ನು ಕೊಡವಿ ಹಗ್ಗದ ಮೇಲೆ ಹರವಿದರು. ಎರಡೂ ತುದಿ ಸಮ ಮಾಡಿದರು. ಕ್ಲಿಪ್ಪನ್ನೂ ಹಾಕಿದರು.

"ಅಮ್ಮಾ, ಬಾ ಇಲ್ಲಿ, ಅಪ್ಪಂಗೆ ಏನೋ ಆಗಿದೆ!" ಎಂದು ಮಗಳು ಕಿರುಚಿದಳು.

ಹೆಂಡತಿ ಕೈಯಲ್ಲಿ ಹೊಸ ಚಾರ್ಟ್ ಹಾಳೆ ಹಿಡಿದುಕೊಂಡು ಓಡಿಬಂದಳು. ಹಗ್ಗ ನೋಡಿದಳು. ಅಲ್ಲೇ ನಿಂತಳು.

"ಇದೇನ್ರೀ ಮಾಡಿದ್ದೀರಿ! ಇನ್ನೂ ಏಳು ಪಾಠ ಬಾಕಿ ಇದೆ. ನೀವು ಈಗ್ಲೇ ಸುಧಾರಿಸಿಬಿಟ್ರೆ ನಾನು ಯಾರನ್ನ ನೋಡಿ ಬರೀಲಿ?"

ಗುಮಾಸ್ತರು ನಿಟ್ಟುಸಿರು ಬಿಟ್ಟರು. ಕ್ಲಿಪ್ಪು ತೆಗೆದು, ಟವೆಲನ್ನು ಒಳಗೆ ಒಯ್ದು, ಹಾಸಿಗೆಯ ನಟ್ಟನಡುವೆ ಹಾಕಿದರು.

"ಹಾಂ, ಹಾಗೇ ಇರಿ," ಎಂದಳು ಹೆಂಡತಿ, ಪೆನ್ನಿನ ಮುಚ್ಚಳ ತೆಗೆಯುತ್ತಾ. "ಅಲುಗಾಡ್ಬೇಡಿ."