ದುರ್ಗಕ್ಕೆ ಬಂದ ಕಡಲ ಸೌತೆ

ಕಡಲಿಲ್ಲದ ಊರಿನಲ್ಲಿ ಕಡಲ ಪ್ರಾಣಿಗಳ ಪಾಠ ಹೇಳುವವಳಿಗೆ ಜಗಳಗಳು ಹುಡುಕದೆಯೂ ಸಿಗುತ್ತವೆ. ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿ. "ಈ ವಿಭಾಗ ನಮಗ್ಯಾಕೆ, ಮುಚ್ಚಿಬಿಡಾಣ" ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿಗಳು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾನು ಮುಚ್ಚಲು ಬಿಡಲಿಲ್ಲ. ಹಟಕ್ಕೆ ಬಿದ್ದೆ, ಅದರಲ್ಲಿ ನನಗೆ ನಾಚಿಕೆಯೇನೂ ಇಲ್ಲ.

ಕಾಲಿನ ಲೆಕ್ಕದ ಟಿಕೆಟ್

ಒಮ್ಮೆ ಮಂಗಳೂರಿನಿಂದ ಗಾಜಿನ ಜಾಡಿಯಲ್ಲಿ ಕಡಲ ಪ್ರಾಣಿಯೊಂದನ್ನು ತರುತ್ತಿದ್ದೆ. ಚೆಂಡಿನ ಆಕಾರ, ಮೈತುಂಬ ಮುಳ್ಳು. ಹೊಳಲ್ಕೆರೆಯಲ್ಲಿ ಬಸ್ಸು ಬದಲಾಯಿಸಿ ಹತ್ತಿದಾಗ ಕಂಡಕ್ಟರ್ ತಡೆದರು.

"ಪ್ರಾಣಿಗೆ ಟಿಕೆಟ್ ಆಗ್ತೈತ್ರಿ ಮೇಡಂ. ಎರಡು ಕಾಲಿನ ಕೋಳಿಗೊಂದು ರೇಟು, ನಾಕು ಕಾಲಿನ ಕುರಿಗೊಂದು ರೇಟು. ಇದಕ್ಕೆಷ್ಟು ಕಾಲು?"

"ನೂರಾರು. ಮುಳ್ಳಿನ ನಡುವೆ ಸಣ್ಣ ಕೊಳವೆ ಇದ್ದಂಗೆ ಅವೆ. ಎಣಿಸಿ ಟಿಕೆಟ್ ಹರೀರಿ" ಎಂದು ಜಾಡಿಯನ್ನು ಅವರ ಮೂಗಿನ ಮುಂದೆಯೇ ಹಿಡಿದೆ.

ಕಂಡಕ್ಟರ್ ಜಾಡಿಯನ್ನೂ ನೋಡಿದರು, ಕೈಯಲ್ಲಿದ್ದ ಟಿಕೆಟ್ ಕಟ್ಟನ್ನೂ ನೋಡಿದರು. "ಕುಂತ್ಕಳ್ರಿ ಮೇಡಂ. ಇದಕ್ಕೆ ಹರಿದ್ರೆ ಜನಕ್ಕೆ ಉಳಿಯಲ್ಲ."

ಹೊಟ್ಟೆಯೊಂದೇ ಮೇಯಲಿ

ಹಿರಿಯೂರು ಕಡೆಯ ಕುರಿಗಾಹಿಯೊಬ್ಬರು ಮಗಳನ್ನು ನನ್ನ ತರಗತಿಯಿಂದ ಬಿಡಿಸಲು ಬಂದರು. "ತಲೇನೇ ಇಲ್ಲದ ಪ್ರಾಣಿ ಓದ್ತಾಳಂತೆ. ಹಿಂಗಾದ್ರೆ ಇವಳ ತಲೆ ಉಳೀತೈತೇನ್ರಿ ಅಮ್ಮಾರೆ?"

ಮಗಳು ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ನಕ್ಷತ್ರಮೀನನ್ನು ತಂದು ಅಂಗಾತ ಮಾಡಿ ನಡುವಿನ ಬಾಯಿ ತೋರಿಸಿದಳು. "ನೋಡಪ್ಪ, ಇದು ಹೊಟ್ಟೇನೇ ಬಾಯಿಂದ ಆಚಿಗೆ ಕಳಿಸ್ತೈತೆ. ಹೊಟ್ಟೆ ಅಲ್ಲೇ ಉಂಡು, ಅಲ್ಲೇ ಅರಗಿಸ್ಕಂಡು ಒಳಗೆ ಬರ್ತೈತೆ."

ಅವರು ಗಡ್ಡ ಕೆರೆದುಕೊಂಡು ಯೋಚಿಸಿದರು. "ನಮ್ ಕುರಿಗೂ ಹಿಂಗೇ ಇದ್ದಿದ್ರೆ ಹೊಟ್ಟೆ ಒಂದನ್ನ ಮೇಯಕ್ಕೆ ಬಿಟ್ಟು, ನಾವೂ ಕುರೀನೂ ನೆಳ್ಳಾಗೆ ಮಲಗಬೋದಿತ್ತಲ್ಲೇ! ಓದವ್ವ, ಓದು."

ಕಾರ್ಯದರ್ಶಿಗಳ ತಪಾಸಣೆ

ಒಂದು ವರ್ಷ ಕಾರ್ಯದರ್ಶಿಗಳು ಬರೀ ಮಾತಿಗೆ ನಿಲ್ಲಲಿಲ್ಲ. ಇಬ್ಬರು ಸದಸ್ಯರನ್ನು ಕರೆದುಕೊಂಡು ಪ್ರಯೋಗಾಲಯಕ್ಕೇ ಬಂದರು. ಮುಚ್ಚುವ ತೀರ್ಮಾನ ಅಂದೇ ಎಂದು ಎಲ್ಲರಿಗೂ ಗೊತ್ತಿತ್ತು. ನನಗೆ ಭಯವಾಗಿತ್ತು, ಸಿಟ್ಟು ಅದಕ್ಕಿಂತ ಹೆಚ್ಚಾಗಿತ್ತು.

"ದುರ್ಗದಾಗೆ ಕುಡಿಯಕ್ಕೇ ನೀರಿಲ್ಲ. ಸಮುದ್ರದ ಪ್ರಾಣಿ ಯಾಕ್ರಿ?" ಎಂದರು ಕಾರ್ಯದರ್ಶಿಗಳು.

"ಪಕ್ಕದ ಕೋಣೇಲಿ ಫ್ರಾನ್ಸಿನ ಕ್ರಾಂತಿಯ ಪಾಠ ನಡೀತೈತೆ ಸಾರ್. ಅದೇನು ನಮ್ ಬಸ್‌ಸ್ಟ್ಯಾಂಡಿನಾಗೆ ಆಗಿದ್ದಾ?"

ಸದಸ್ಯರಿಬ್ಬರೂ ಕೆಮ್ಮಿದರು. ಕಾರ್ಯದರ್ಶಿಗಳು ಮುಖ ಕೆಂಪಗೆ ಮಾಡಿಕೊಂಡು ಕಡಲ ಸೌತೆಯ ಜಾಡಿ ಎತ್ತಿಕೊಂಡರು. ಹೆಸರು ಸೌತೆಯಾದರೂ ಅದು ಪ್ರಾಣಿಯೇ. "ಇದರ ಮುಖ ಎಲ್ಲೈತೆ?" ಎಂದು ಅಲ್ಲೇ ಪ್ರಯೋಗ ಮಾಡುತ್ತಿದ್ದ ಆ ಕುರಿಗಾಹಿಯ ಮಗಳನ್ನು ಕೇಳಿದರು.

"ನಿಮ್ ಕಡಿಗಿರೋದು ಹಿಂಭಾಗ ಸಾರ್. ಉಸಿರಾಡೋದೂ ಅದರಿಂದಾನೇ."

ಜಾಡಿ ಸ್ವಲ್ಪ ದೂರ ಹೋಯಿತು. ಸದಸ್ಯರೊಬ್ಬರಿಗೆ ಕುತೂಹಲ ಹುಟ್ಟಿತು. "ಹಲ್ಲಿಲ್ಲ, ಕೊಂಬಿಲ್ಲ. ಯಾರಾದ್ರೂ ಮೇಲೆ ಬಿದ್ರೆ ಏನ್ ಮಾಡ್ತೈತವ್ವ?"

"ಜಾಸ್ತಿ ಕೆಣಕಿದ್ರೆ ತನ್ನ ಕರುಳನ್ನೇ ಹಿಂದಿನಿಂದ ಎಸೆದುಬಿಡ್ತೈತೆ ಸಾರ್. ಆಮೇಲೆ ಹೊಸದು ಬೆಳಸ್ಕಂತೈತೆ."

ಕಾರ್ಯದರ್ಶಿಗಳು ಜಾಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹಿಂದೆ ಸರಿದರು. "ಇದು ಸತ್ತೈತೆ ತಾನೇ?" ಎಂದು ನನ್ನನ್ನು ಕೇಳಿದರು.

"ಅದು ಸತ್ತೈತೆ ಸಾರ್. ನಾನಿನ್ನೂ ಬದುಕಿದೀನಿ. ಮುಚ್ಚಿ ನೋಡ್ರಿ."